ಲೋಕ ಅದಾಲತ್‌ನಲ್ಲಿ ರಾಜಿಗೆ ಸಹಿ ಹಾಕುವ ಮುನ್ನ: ಅರ್ಜಿಯಿಂದ ಅಮಲ್ಜಾರಿಯವರೆಗೆ

ರಾಜಿಯ ಮೂಲಕ ಪ್ರಕರಣ ಮುಗಿಸುವ ಜನತಾ ನ್ಯಾಯಾಲಯವಾದ ರಾಷ್ಟ್ರೀಯ ಲೋಕ ಅದಾಲತ್‌ನ ದಿನಾಂಕ ಪ್ರಕಟವಾದ ಕೂಡಲೇ ಕಕ್ಷಿದಾರರು ತಮ್ಮ ವಕೀಲರನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ನಮ್ಮ ಕೇಸೂ ಅವತ್ತು ಮುಗಿಯುತ್ತದೆಯೇ?’ ವರ್ಷಗಟ್ಟಲೆ ವಾಯಿದೆಗೆ ಅಲೆದವರಿಗೆ ಈ ಆತುರ ಸಹಜ. ಆದರೆ ಯಾವ ಷರತ್ತಿನ ಮೇಲೆ ಮುಗಿಯುತ್ತದೆ ಎಂಬುದನ್ನು ಅದಕ್ಕಿಂತ ಮೊದಲು ಯೋಚಿಸಬೇಕು. ಲೋಕ ಅದಾಲತ್‌ನಲ್ಲಿ ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ. ಆದ್ದರಿಂದ ರಾಜಿಯ ಕೆಲಸದಲ್ಲಿ ಮುಕ್ಕಾಲು ಪಾಲು ಅದಾಲತ್‌ನ ದಿನಕ್ಕಿಂತ ಮೊದಲೇ, ಮನೆಯಲ್ಲಿ ಕುಳಿತು ಮಾಡುವಂಥದ್ದು.

ಲೋಕ ಅದಾಲತ್ ಏನು ಮಾಡಬಲ್ಲದು, ಏನು ಮಾಡಲಾರದು

ಸಂವಿಧಾನದ 39ಎ ವಿಧಿ ಬಡವರಿಗೂ ನ್ಯಾಯ ಎಟುಕುವಂತೆ ಮಾಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆ ಆಶಯದ ಹಿನ್ನೆಲೆಯಲ್ಲಿ 1982ರ ಮಾರ್ಚ್‌ನಲ್ಲಿ ಗುಜರಾತಿನ ಆಗಿನ ಜುನಾಗಢ ಜಿಲ್ಲೆಯ ಉನಾದಲ್ಲಿ ಮೊದಲ ಲೋಕ ಅದಾಲತ್ ನಡೆಯಿತು. ಅದಕ್ಕೆ ಕಾನೂನಿನ ಬಲ ಕೊಟ್ಟದ್ದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ; ಇದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ನಮ್ಮಲ್ಲಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಜಿಲ್ಲಾ ಪ್ರಾಧಿಕಾರಗಳು ಹಾಗೂ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ಅದಾಲತ್‌ಗಳನ್ನು ನಡೆಸುತ್ತವೆ. ಪೀಠದಲ್ಲಿ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರೊಬ್ಬರ ಜೊತೆಗೆ ವಕೀಲರು ಅಥವಾ ಸಮಾಜ ಸೇವಕರು ಸಂಧಾನಕಾರರಾಗಿ ಕೂರುತ್ತಾರೆ.

ಈ ಪೀಠವು ಸಾಕ್ಷಿ ವಿಚಾರಿಸಿ ಯಾರು ಸರಿ, ಯಾರು ತಪ್ಪು ಎಂದು ತೀರ್ಮಾನಿಸುವುದಿಲ್ಲ. ಎರಡೂ ಕಡೆಯವರು ಒಪ್ಪಿದ್ದನ್ನು ದಾಖಲಿಸುವುದಷ್ಟೇ ಅದರ ಅಧಿಕಾರ. ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಪಕ್ಷಗಾರರ ಒಪ್ಪಿಗೆಯಿಲ್ಲದೆ ಅದಾಲತ್ ತಾನಾಗಿಯೇ ಪರಿಹಾರದ ಮೊತ್ತವನ್ನು ಹೆಚ್ಚಿಸಿದಾಗ, ಅದು ಲೋಕ ಅದಾಲತ್‌ನ ಅವಾರ್ಡ್ (ರಾಜಿಯನ್ನು ದಾಖಲಿಸುವ ಆದೇಶ) ಎನಿಸಿಕೊಳ್ಳುವುದಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ, ಪಂಜಾಬ್ ರಾಜ್ಯ ಮತ್ತು ಜಲೌರ್ ಸಿಂಗ್ ನಡುವಿನ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಪೀಠದಲ್ಲಿರುವವರು ‘ಇಷ್ಟಕ್ಕೆ ಒಪ್ಪಿಕೊಳ್ಳಿ’ ಎಂದರೆ ಅದು ಸಲಹೆ ಮಾತ್ರ. ನ್ಯಾಯಾಧೀಶರ ಮಾತನ್ನು ಮೀರುವುದು ಹೇಗೆ ಎಂಬ ಅಂಜಿಕೆಯಿಂದ ತಲೆಯಾಡಿಸುವ ಅಗತ್ಯ ಯಾರಿಗೂ ಇಲ್ಲ. ಒಪ್ಪದೇ ಇರುವುದು ನಿಮ್ಮ ಹಕ್ಕು.

ಮೊದಲ ಹೆಜ್ಜೆ: ನಿಮ್ಮ ಪ್ರಕರಣ ರಾಜಿಗೆ ಬರುವಂಥದ್ದೇ?

ಹಣ ವಸೂಲಿ, ಪಾಲು ವಿಭಾಗ, ಬಾಡಿಗೆ, ಮೋಟಾರು ವಾಹನ ಅಪಘಾತ ಪರಿಹಾರ, ಭೂಸ್ವಾಧೀನ ಪರಿಹಾರ, ಬ್ಯಾಂಕ್ ಸಾಲ, ವಿದ್ಯುತ್ ಮತ್ತು ನೀರಿನ ಬಿಲ್, ಚೆಕ್ ಬೌನ್ಸ್, ಜೀವನಾಂಶ ಇವೆಲ್ಲ ಬರುತ್ತವೆ. ಕ್ರಿಮಿನಲ್ ಪ್ರಕರಣವಾದರೆ ಕಾನೂನು ರಾಜಿಗೆ ಅವಕಾಶ ಕೊಟ್ಟಿರುವ ಅಪರಾಧಗಳು ಮಾತ್ರ ಬರುತ್ತವೆ. ಅವುಗಳ ಪಟ್ಟಿ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿದೆ. ಕೊಲೆ, ಅತ್ಯಾಚಾರದಂಥ ಅಪರಾಧಗಳನ್ನು ಯಾವ ಅದಾಲತ್‌ನಲ್ಲೂ ಮುಗಿಸಲಾಗದು. ಕೌಟುಂಬಿಕ ವ್ಯಾಜ್ಯಗಳನ್ನು ತೆಗೆದುಕೊಂಡರೂ ರಾಷ್ಟ್ರೀಯ ಅದಾಲತ್‌ನ ಪಟ್ಟಿಯಿಂದ ವಿಚ್ಛೇದನವನ್ನು ಹೊರಗಿಡಲಾಗಿದೆ.

ಇನ್ನೂ ನ್ಯಾಯಾಲಯದ ಮೆಟ್ಟಿಲು ಹತ್ತದ ತಕರಾರುಗಳನ್ನೂ ವ್ಯಾಜ್ಯಪೂರ್ವ ಪ್ರಕರಣವೆಂದು ತರಬಹುದು. ಆದರೆ ಅದಾಲತ್‌ಗೆ ಕಾಯುತ್ತಾ ಕಾನೂನಿನ ಗಡುವನ್ನು ಕೈಬಿಡಬಾರದು. ಚೆಕ್ ಅಮಾನ್ಯವಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು; ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಬರದಿದ್ದರೆ ಆಮೇಲಿನ ಒಂದು ತಿಂಗಳೊಳಗೆ ದೂರು ದಾಖಲಿಸಬೇಕು. ‘ಮುಂದಿನ ಅದಾಲತ್‌ನಲ್ಲಿ ಕೊಡುತ್ತೇನೆ’ ಎಂಬ ಎದುರಾಳಿಯ ಮಾತನ್ನು ನಂಬಿ ಸುಮ್ಮನೆ ಕುಳಿತರೆ ಈ ದಿನಗಳು ಸದ್ದಿಲ್ಲದೆ ಕಳೆದುಹೋಗುತ್ತವೆ. ದೂರನ್ನು ಮೊದಲು ದಾಖಲಿಸಿ. ರಾಜಿಯ ಮಾತು ಅದರ ಜೊತೆಜೊತೆಗೆ ನಡೆಯಲಿ.

ಎರಡನೇ ಹೆಜ್ಜೆ: ಪ್ರಕರಣವನ್ನು ಅದಾಲತ್‌ಗೆ ಕಳಿಸುವುದು

ಇದು ಸುಲಭ. ನ್ಯಾಯಾಲಯದಲ್ಲಿ ಬಾಕಿ ಇರುವ ಪ್ರಕರಣವಾದರೆ ಅದೇ ನ್ಯಾಯಾಲಯಕ್ಕೆ ಇಬ್ಬರೂ ಸೇರಿ ಅಥವಾ ಒಬ್ಬರೇ ಅರ್ಜಿ ಕೊಡಬಹುದು. ಒಬ್ಬರೇ ಕೊಟ್ಟಾಗ ನ್ಯಾಯಾಲಯವು ಇನ್ನೊಬ್ಬರ ಮಾತನ್ನೂ ಕೇಳಿ, ರಾಜಿಯ ಸಾಧ್ಯತೆ ಕಂಡರೆ ಕಳಿಸುತ್ತದೆ. ವ್ಯಾಜ್ಯಪೂರ್ವ ಪ್ರಕರಣವಾದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಬಿಳಿ ಹಾಳೆಯ ಮೇಲೆ ವಿವರ ಬರೆದು ಕೊಟ್ಟರೂ ಸಾಕು. ಅದಾಲತ್‌ಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದವರಿಗೆ ಅದೇ ಕಚೇರಿ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಈ ನೆರವನ್ನು ಪಡೆಯಲು ಆದಾಯದ ಮಿತಿ ಅಡ್ಡಿಯಾಗುವುದಿಲ್ಲ. ಕಾನೂನು ನೆರವಿನ ಸಹಾಯವಾಣಿ ಸಂಖ್ಯೆ 15100.

ಮೂರನೇ ಹೆಜ್ಜೆ: ಮನೆಯಲ್ಲಿ ಮಾಡಬೇಕಾದ ಲೆಕ್ಕ

ಅದಾಲತ್‌ನ ದಿನ ಜನಸಂದಣಿ ಹೆಚ್ಚು. ಒಂದೊಂದು ಪೀಠದ ಮುಂದೆಯೂ ಕಡತಗಳ ಗುಡ್ಡೆಯಿರುತ್ತದೆ, ನಿಮ್ಮ ಪಾಲಿಗೆ ಸಿಗುವ ಸಮಯ ಚಿಕ್ಕದು. ಆ ಗಡಿಬಿಡಿಯಲ್ಲಿ ಮೊತ್ತವನ್ನು ಮೊದಲ ಬಾರಿಗೆ ಯೋಚಿಸುವವರು ಸಾಮಾನ್ಯವಾಗಿ ಕಡಿಮೆಗೆ ಒಪ್ಪಿ ಬರುತ್ತಾರೆ. ಹಾಗಾಗಿ ಹಿಂದಿನ ವಾರವೇ ಕಾಗದದ ಮೇಲೆ ಮೂರು ಅಂಕಿಗಳನ್ನು ಬರೆದುಕೊಳ್ಳಿ: ಮೊಕದ್ದಮೆ ಪೂರ್ತಿ ಗೆದ್ದರೆ ಸಿಗಬಹುದಾದದ್ದು, ಅದಕ್ಕೆ ಇನ್ನೆಷ್ಟು ವರ್ಷ ಮತ್ತು ಎಷ್ಟು ಖರ್ಚು ತಗಲಬಹುದೆಂಬುದು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಕನಿಷ್ಠ ಮೊತ್ತ. ಮೂರನೆಯ ಅಂಕಿಯನ್ನು ನಿಮ್ಮ ವಕೀಲರಿಗೆ ತಿಳಿಸಿ, ಎದುರಿನವರಿಗೆ ತಿಳಿಯಗೊಡಬೇಡಿ.

ಅಪಘಾತ ಪರಿಹಾರದ ಪ್ರಕರಣಗಳಲ್ಲಿ ಈ ಲೆಕ್ಕ ತೀರಾ ಮುಖ್ಯ. ವಿಮಾ ಕಂಪನಿಯವರು ತಮ್ಮ ಲೆಕ್ಕ ಮುಗಿಸಿಕೊಂಡೇ ಬಂದಿರುತ್ತಾರೆ. ಗಾಯಾಳುವಿನ ಮನೆಯವರು ಮಾತ್ರ ಬರಿಗೈಯಲ್ಲಿ ಬಂದಿರುತ್ತಾರೆ. ಆಸ್ಪತ್ರೆಯ ಬಿಲ್ಲುಗಳು, ಅಂಗವೈಕಲ್ಯದ ಪ್ರಮಾಣ ತಿಳಿಸುವ ವೈದ್ಯರ ದೃಢೀಕರಣ, ಆದಾಯದ ದಾಖಲೆ, ಮುಂದೆ ಬೇಕಾಗುವ ಶಸ್ತ್ರಚಿಕಿತ್ಸೆಯ ಅಂದಾಜು ಇವುಗಳನ್ನು ಜೋಡಿಸಿಟ್ಟುಕೊಂಡರೆ ಮಾತುಕತೆಯ ಬಗೆಯೇ ಬದಲಾಗುತ್ತದೆ. ‘ಒಟ್ಟು ಇಷ್ಟು’ ಎಂದಾಗ ಅದರಲ್ಲಿ ಬಡ್ಡಿಯೂ ಸೇರಿದೆಯೇ, ಬೇರೆಯೇ ಎಂದು ಕೇಳಿ. ಇಲ್ಲಿ ಒಪ್ಪಿದ ಮೇಲೆ ಹೆಚ್ಚಿನ ಪರಿಹಾರ ಕೋರಿ ಹೈಕೋರ್ಟಿಗೆ ಮೇಲ್ಮನವಿ ಹೋಗಲಾಗದು ಎಂಬುದು ನೆನಪಿರಲಿ.

ನಾಲ್ಕನೇ ಹೆಜ್ಜೆ: ರಾಜಿ ಅರ್ಜಿಯ ಒಂದೊಂದು ಸಾಲು

ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಹೆಚ್ಚು ಗಮನ ಬೇಡುವ ಘಟ್ಟ ಇದು. ಎಷ್ಟೋ ಕಡೆ ಅತ್ಯಂತ ಅವಸರದಲ್ಲಿ ಮುಗಿಯುವುದೂ ಇದೇ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 3 ಲಕ್ಷ ರೂಪಾಯಿಯ ಚೆಕ್ ಪ್ರಕರಣದಲ್ಲಿ ಎರಡೂ ಕಡೆಯವರು 2 ಲಕ್ಷ 40 ಸಾವಿರಕ್ಕೆ ಒಪ್ಪಿದರು. ರಾಜಿ ಅರ್ಜಿಯಲ್ಲಿ ‘ಆರೋಪಿಯು ಸದರಿ ಮೊತ್ತವನ್ನು ನಾಲ್ಕು ತಿಂಗಳಲ್ಲಿ ಕೊಡತಕ್ಕದ್ದು’ ಎಂದಷ್ಟೇ ಬರೆದರೆ ಆ ನಾಲ್ಕು ತಿಂಗಳು ಮುಗಿಯುವವರೆಗೂ ಫಿರ್ಯಾದಿಯು ಏನೂ ಕೇಳುವಂತಿಲ್ಲ, ತಪ್ಪಿದರೆ ಮುಂದೇನು ಎಂಬುದಕ್ಕೂ ಅಲ್ಲಿ ಉತ್ತರವಿಲ್ಲ. ಅದರ ಬದಲಿಗೆ ತಲಾ 60 ಸಾವಿರದ ನಾಲ್ಕು ಕಂತುಗಳು, ಒಂದೊಂದು ಕಂತಿನ ದಿನಾಂಕ, ಹಣ ಜಮೆಯಾಗಬೇಕಾದ ಬ್ಯಾಂಕ್ ಖಾತೆ, ಯಾವುದೇ ಒಂದು ಕಂತು ತಪ್ಪಿದರೂ ಉಳಿದ ಪೂರ್ತಿ ಮೊತ್ತವನ್ನು ಇಂತಿಷ್ಟು ಬಡ್ಡಿಯೊಂದಿಗೆ ಒಟ್ಟಿಗೇ ವಸೂಲು ಮಾಡಬಹುದೆಂಬ ಷರತ್ತು ಇವಿಷ್ಟನ್ನು ಬರೆಸಿಕೊಂಡರೆ ಆ ಕಾಗದಕ್ಕೆ ಬಲ ಬರುತ್ತದೆ. ಕೊಡುವವರ ಕಡೆಯಿಂದಲೂ ಒಂದು ಎಚ್ಚರ ಬೇಕು: ಈ ಮೊತ್ತದೊಂದಿಗೆ ಈ ವ್ಯವಹಾರದ ಎಲ್ಲ ಬಾಕಿಯೂ ತೀರುತ್ತದೆ, ಭದ್ರತೆಗೆಂದು ಕೊಟ್ಟಿದ್ದ ಬೇರೆ ಚೆಕ್ಕುಗಳನ್ನೂ ಪ್ರಾಮಿಸರಿ ನೋಟನ್ನೂ ಹಿಂದಿರುಗಿಸತಕ್ಕದ್ದು ಎಂಬ ಮಾತು ಅರ್ಜಿಯಲ್ಲಿ ಇರಲೇಬೇಕು.

ಪಾಲು ವಿಭಾಗದ ದಾವೆಯ ರಾಜಿ ಇದಕ್ಕಿಂತ ಬಹಳ ಸೂಕ್ಷ್ಮ. ‘ಸರ್ವೆ ನಂಬರಿನಲ್ಲಿ ಪೂರ್ವದ ಅರ್ಧ ಅಣ್ಣನಿಗೆ, ಪಶ್ಚಿಮದ ಅರ್ಧ ತಮ್ಮನಿಗೆ’ ಎಂದು ಬರೆದು ಎದ್ದುಬಂದ ಕುಟುಂಬಗಳು ದಾರಿ ಯಾವ ಕಡೆಯಿಂದ, ಕೊಳವೆಬಾವಿಯ ನೀರು ಯಾರಿಗೆ ಎಷ್ಟು ಹೊತ್ತು, ಬದುವಿನ ಮೇಲಿನ ತೆಂಗಿನಮರಗಳು ಯಾರವು ಎಂದು ಮತ್ತೆ ಜಗಳಕ್ಕೆ ಬೀಳುತ್ತವೆ. ಭೂಮಾಪಕರಿಂದ ನಕ್ಷೆ ಮಾಡಿಸಿ ರಾಜಿ ಅರ್ಜಿಗೆ ಲಗತ್ತಿಸಿ. ಗುಂಟೆ ಲೆಕ್ಕ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ದಾರಿ, ನೀರು, ಕರೆಂಟ್ ಮೀಟರು, ಬೆಳೆದು ನಿಂತ ಪೈರು ಒಂದನ್ನೂ ಬಾಯಿಮಾತಿಗೆ ಬಿಡಬೇಡಿ. ದಾವೆಯಲ್ಲಿ ನಮೂದಾಗದ ಬೇರೆ ಜಮೀನನ್ನು ರಾಜಿಯಲ್ಲಿ ಸೇರಿಸುವುದಾದರೆ ನೋಂದಣಿಯ ಪ್ರಶ್ನೆ ಏಳುತ್ತದೆ. ಅದನ್ನು ವಕೀಲರೊಂದಿಗೆ ಚರ್ಚಿಸದೆ ಸೇರಿಸಬಾರದು. ಹಕ್ಕುದಾರರಲ್ಲಿ ಅಪ್ರಾಪ್ತ ವಯಸ್ಸಿನವರಿದ್ದರೆ ಅವರ ಪರವಾಗಿ ಪೋಷಕರು ರಾಜಿಯಾಗಲು ನ್ಯಾಯಾಲಯದ ಅನುಮತಿ ಬೇಕು. ದಾವೆಯಲ್ಲಿ ಸೇರದ, ರಾಜಿಗೆ ಸಹಿ ಹಾಕದ ಹಕ್ಕುದಾರರನ್ನು ಈ ರಾಜಿ ಕಟ್ಟಿಹಾಕುವುದಿಲ್ಲ.

ಈ ಜಾಗದಲ್ಲಿ ಹೆಣ್ಣುಮಕ್ಕಳ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಹಾಗಿದ್ದರೂ ‘ಅರಿಸಿನ ಕುಂಕುಮಕ್ಕೆ’ ಎಂದು ಸಣ್ಣ ಮೊತ್ತವೊಂದನ್ನು ಕೊಟ್ಟು, ತವರಿನ ಬಾಂಧವ್ಯದ ಹೆಸರಿನಲ್ಲಿ ಅಕ್ಕತಂಗಿಯರಿಂದ ಹಕ್ಕು ಬಿಡಿಸಿಕೊಳ್ಳುವ ರಾಜಿಗಳು ಇಂದಿಗೂ ನಡೆಯುತ್ತವೆ. ತಿಳಿದು, ಮನಸಾರೆ ಬಿಟ್ಟುಕೊಡುವುದು ಅವರ ಇಷ್ಟ. ಆದರೆ ತನ್ನ ಪಾಲಿನ ಇಂದಿನ ಬೆಲೆ ಎಷ್ಟು, ಸಹಿ ಹಾಕಿದ ಮೇಲೆ ಹಿಂದಿರುಗುವ ದಾರಿ ಎಷ್ಟು ಕಿರಿದು ಎಂಬುದು ಆಕೆಗೆ ಮೊದಲೇ ಗೊತ್ತಿರಬೇಕು. ಅಣ್ಣನ ವಕೀಲರ ಮೂಲಕ ತಂಗಿ ಒಪ್ಪಿಗೆ ಕೊಡುವುದು ಸರಿಯಲ್ಲ. ಪ್ರಾಧಿಕಾರದಿಂದ ತನಗೇ ಪ್ರತ್ಯೇಕ ವಕೀಲರನ್ನು ಉಚಿತವಾಗಿ ಪಡೆಯುವ ಹಕ್ಕು ಆಕೆಗಿದೆ. ಗಂಡ ಹೆಂಡಿರ ಪ್ರಕರಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅದಾಲತ್‌ನಲ್ಲಿ ಹಾರ ಬದಲಾಯಿಸಿಕೊಂಡು ಒಂದಾದ ದಂಪತಿಗಳ ಚಿತ್ರ ನೋಡಲು ಸಂತೋಷವೇ. ಆದರೆ ಹೊಡೆತ ಬಡಿತ ಕಂಡ ಹೆಣ್ಣುಮಗಳು ಎಲ್ಲಿ ವಾಸಿಸಬೇಕು, ಖರ್ಚಿಗೆ ತಿಂಗಳಿಗೆ ಎಷ್ಟು, ಮತ್ತೆ ಹಿಂಸೆಯಾದರೆ ಏನು ಎಂಬುದನ್ನು ಬರೆಸಿಕೊಳ್ಳದೆ ಗಂಡನ ಮನೆಗೆ ಮರಳಬಾರದು.

ಐದನೇ ಹೆಜ್ಜೆ: ಅದಾಲತ್‌ನ ದಿನ

ಪಕ್ಷಗಾರರು ಖುದ್ದಾಗಿ ಬರುವುದು ಒಳ್ಳೆಯದು. ಆಧಾರ್ ಅಥವಾ ಬೇರೆ ಗುರುತಿನ ಚೀಟಿ, ಪ್ರಕರಣದ ಸಂಖ್ಯೆ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಇಟ್ಟುಕೊಳ್ಳಿ. ರಾಜಿಯ ಷರತ್ತುಗಳನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವಂತೆ ಕೇಳಿ. ಅರ್ಜಿ ಇಂಗ್ಲಿಷಿನಲ್ಲಿದ್ದರೆ ಸಾಲುಸಾಲಿಗೂ ಕನ್ನಡದ ಅರ್ಥ ಕೇಳಲು ಹಿಂಜರಿಯಬೇಡಿ, ಖಾಲಿ ಹಾಳೆಗೆ ಎಂದಿಗೂ ಸಹಿ ಹಾಕಬೇಡಿ. ಎಲ್ಲ ಸರಿಯಿದ್ದರೆ ಪಕ್ಷಗಾರರೂ ವಕೀಲರೂ ಸಹಿ ಮಾಡುತ್ತಾರೆ, ಪೀಠದವರು ಸಹಿ ಹಾಕಿ ಅವಾರ್ಡ್ ಹೊರಡಿಸುತ್ತಾರೆ.

ಆರನೇ ಹೆಜ್ಜೆ: ಅವಾರ್ಡ್ ಕೈಗೆ ಬಂದ ಮೇಲೆ

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 21ನೇ ಕಲಮಿನ ಪ್ರಕಾರ ಈ ಅವಾರ್ಡ್ ಸಿವಿಲ್ ನ್ಯಾಯಾಲಯದ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ, ಸಮ. ದಾವೆ ಹಾಕುವಾಗ ಕಟ್ಟಿದ್ದ ನ್ಯಾಯಾಲಯ ಶುಲ್ಕವೂ ವಾಪಸು ಬರುತ್ತದೆ. ಆ ಆದೇಶ ಅವಾರ್ಡ್‌ನಲ್ಲಿ ಇದೆಯೇ ಎಂದು ಅಂದೇ ನೋಡಿಕೊಳ್ಳಿ, ದೃಢೀಕೃತ ಪ್ರತಿಗೂ ಅರ್ಜಿ ಹಾಕಿ. ಎದುರಿನವರು ಮಾತಿಗೆ ತಪ್ಪಿದರೆ ಹೊಸ ದಾವೆ ಹೂಡಬೇಕಿಲ್ಲ, ಅಮಲ್ಜಾರಿ ಅರ್ಜಿ (ಆದೇಶವನ್ನು ಜಾರಿ ಮಾಡಿಸಿಕೊಡಿ ಎಂಬ ಅರ್ಜಿ) ಹಾಕಿ ಆಸ್ತಿ ಜಪ್ತಿಯವರೆಗೂ ಹೋಗಬಹುದು. ಹೀಗೆ ಡಿಕ್ರಿಯನ್ನು ಜಾರಿ ಮಾಡಿಸಿಕೊಳ್ಳಲು ಕಾಲಮಿತಿ ಕಾಯಿದೆಯಲ್ಲಿ 12 ವರ್ಷಗಳ ಅವಧಿಯಿದೆ. ಕ್ರಿಮಿನಲ್ ನ್ಯಾಯಾಲಯದಿಂದ ಬಂದ ಚೆಕ್ ಪ್ರಕರಣದ ಅವಾರ್ಡನ್ನು ಸಿವಿಲ್ ಡಿಕ್ರಿಯಂತೆ ಜಾರಿ ಮಾಡಬಹುದೇ ಎಂಬ ಸಂಶಯ ಕೇರಳದ ಪ್ರಕರಣವೊಂದರಲ್ಲಿ ಎದ್ದಿತ್ತು. ಮಾಡಬಹುದು ಎಂದು 2011ರಲ್ಲಿ ಗೋವಿಂದನ್ ಕುಟ್ಟಿ ಮೆನನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಉತ್ತರಿಸಿತು. ವಂಚನೆಯಿಂದ ಸಹಿ ಪಡೆದದ್ದೇ ಆಗಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಒಂದೇ ದಾರಿ, ಅದೂ ಬಹಳ ಸೀಮಿತ ಕಾರಣಗಳ ಮೇಲೆ.

ಹೆಸರು ಒಂದೇ ರೀತಿ ಇರುವುದರಿಂದ ಗೊಂದಲವಾಗುವ ಇನ್ನೊಂದು ವ್ಯವಸ್ಥೆ ಖಾಯಂ ಜನತಾ ನ್ಯಾಯಾಲಯ (ಖಾಯಂ ಲೋಕ ಅದಾಲತ್). ಸಾರಿಗೆ, ಅಂಚೆ, ದೂರವಾಣಿ, ವಿದ್ಯುತ್, ನೀರು, ಆಸ್ಪತ್ರೆ, ವಿಮೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳ ತಕರಾರಿಗೆಂದು ಅದೇ ಅಧಿನಿಯಮದ 2002ರ ತಿದ್ದುಪಡಿಯಿಂದ ಬಂದ ಇದಕ್ಕೆ, ಪ್ರಕರಣ ನ್ಯಾಯಾಲಯಕ್ಕೆ ಹೋಗುವ ಮೊದಲೇ ಅರ್ಜಿ ಕೊಡಬೇಕು. ಇಲ್ಲಿ ರಾಜಿ ಮುರಿದುಬಿದ್ದರೆ ಪೀಠವೇ ತೀರ್ಪು ಕೊಡಬಲ್ಲದು. ಆದುದರಿಂದ ಅಲ್ಲಿಗೆ ಹೋಗುವವರು ರಾಜಿಯ ಲೆಕ್ಕದ ಜೊತೆಗೆ ದಾಖಲೆಗಳನ್ನೂ ಪೂರ್ತಿ ಸಿದ್ಧಮಾಡಿಕೊಂಡು ಹೋಗಬೇಕು.

ಸಾಮಾನ್ಯ ಲೋಕ ಅದಾಲತ್‌ನಲ್ಲಿ ಹಾಗಲ್ಲ. ಮಾತುಕತೆ ಕೂಡಿಬರದಿದ್ದರೆ ಕಡತ ಬಂದ ನ್ಯಾಯಾಲಯಕ್ಕೇ ಮರಳುತ್ತದೆ, ವಿಚಾರಣೆ ನಿಂತಿದ್ದ ಹಂತದಿಂದಲೇ ಮುಂದುವರಿಯುತ್ತದೆ. ಅದಾಲತ್‌ನಲ್ಲಿ ಒಪ್ಪಲಿಲ್ಲವೆಂಬ ಕಾರಣಕ್ಕೆ ಯಾರ ಹಕ್ಕೂ ಕುಂದುವುದಿಲ್ಲ. ಅಂದು ಆವರಣದಿಂದ ಹೊರಡುವ ಮೊದಲು ಮುಂದಿನ ವಾಯಿದೆಯ ದಿನಾಂಕವನ್ನು ವಕೀಲರಿಂದ ಕೇಳಿ ಬರೆದುಕೊಳ್ಳಿ.