ಕಾರವಾರದ ಉಪ್ಪುಗಾಳಿಯಲ್ಲಿ ರಿಮೋಟ್ ರೋಬೋಟ್ ಕಾಪಾಡುವುದು

ನಮ್ಮ ಕರಾವಳಿಯಲ್ಲಿ ರೋಬೋಟ್ ಓಡಿಸಿ ಹಾಳಾಗುವುದಕ್ಕಿಂತ ಸುಮ್ನೆ ಇಟ್ಟಲ್ಲೇ ಹಾಳಾಗುವುದು ಜಾಸ್ತಿ. ಕಾರಣ ಉಪ್ಪು. ಶಾಲಾ ಮಕ್ಕಳಿಗೆ ತೋರಿಸಲೆಂದು ನಾನು ನಾಲ್ಕು ಚಕ್ರದ ರೋಬೋಟ್ ಒಂದನ್ನು ಇಟ್ಟುಕೊಂಡಿದ್ದೇನೆ. 12 ವೋಲ್ಟಿನ ಗೇರ್ ಮೋಟಾರುಗಳು, ಮೂರು ಸೆಲ್ಲಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, 2.4 ಗಿಗಾಹರ್ಟ್ಸ್ ರಿಮೋಟ್. ಕಾರವಾರದಿಂದ ಅಂಕೋಲಾ, ಕುಮಟಾ, ದೇವಿಮನೆ ಘಟ್ಟ ಹತ್ತಿ ಶಿರಸಿ ತನಕ ಅದು ನನ್ನ ಜೊತೆ ಬರುತ್ತದೆ. ಮಕ್ಕಳು ಆಸೆಯಿಂದ ಕಾಯುತ್ತಿರುತ್ತಾರೆ. ಅಲ್ಲಿ ಹೋಗಿ ಅದು ಅಲುಗಾಡದೆ ನಿಂತರೆ ನನಗೆ ಸಹಿಸಲಾಗುವುದಿಲ್ಲ.

ಉಪ್ಪು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿದಂತೆ ಕಂಡ ಕನೆಕ್ಟರ್ ಜೂನ್ ಬಂದ ಮೇಲೆ ತಾನಾಗಿಯೇ ಒದ್ದೆಯಾಗುತ್ತದೆ. ಆಮೇಲೆ ತಾಮ್ರಕ್ಕೆ ಹಸಿರು ಕಿಲುಬು, ಸ್ಕ್ರೂಗಳಿಗೆ ತುಕ್ಕು. ಟಾಗೋರ್ ಕಡಲತೀರದಲ್ಲಿ ಓಡಿಸಿದ ದಿನ ಮನೆಗೆ ಬಂದ ಕೂಡಲೇ ಬ್ಯಾಟರಿ ತೆಗೆದು, ಮೊದಲು ಒಣ ಬ್ರಷ್‌ನಿಂದ ಮರಳು ಉದುರಿಸುತ್ತೇನೆ. ನಂತರ ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಚಾಸಿ ಅಂದರೆ ರೋಬೋಟಿನ ಚೌಕಟ್ಟು, ಚಕ್ರ ಒರೆಸುತ್ತೇನೆ. ಉಪ್ಪು ಕರಗಿ ಬರಬೇಕಾದರೆ ನೀರೇ ಬೇಕು, ಬರೀ ಸ್ಪಿರಿಟ್ ಸಾಲದು. ಕನೆಕ್ಟರುಗಳಿಗೆ ಮಾತ್ರ ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್. ಪೈಪಿನಿಂದ ನೀರು ಬಿಡುವುದು ಬೇಡವೇ ಬೇಡ.

ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸರ್ಕ್ಯೂಟ್ ಒಣಗುತ್ತದಾ? ಹಾಗಾಗಿ ರಬ್ಬರ್ ಅಂಚಿನ ಬಿಗಿ ಮುಚ್ಚಳವಿರುವ ದೊಡ್ಡ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ರೋಬೋಟ್ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ತುಂಬಿದೆ ಎಂದರ್ಥ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆದರೆ ಆ ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ. ಅದು ವಿಷ. ಅಡುಗೆ ಪಾತ್ರೆ ಮುಟ್ಟಬೇಡಿ, ಅದಕ್ಕೇ ಒಂದು ಬಾಣಲೆ ಬೇರೆ ಇಡಿ. ಚಾಸಿ ಕೆಳಗೆ ಮರದ ತುಂಡು ಕೊಟ್ಟು ಚಕ್ರ ಎತ್ತಿಟ್ಟರೆ ಟೈರ್ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ರಿಮೋಟಿನ ಸೆಲ್ ತೆಗೆದೇ ಇಡಬೇಕು. ಅದು ಸೋರಿದರೆ ಸ್ಪ್ರಿಂಗ್ ತಿಂದು ಹಾಕುತ್ತದೆ.

ಲಿಪೋ ಬ್ಯಾಟರಿಯನ್ನು ಅದೇ ಡಬ್ಬಿಯಲ್ಲಿ ಇಡುವುದಿಲ್ಲ. ತುದಿಗಳಿಗೆ ಟೇಪ್ ಸುತ್ತಿ, ಮಣ್ಣಿನ ಕುಂಡದಲ್ಲಿ ಒಣ ಮರಳಿನ ಮೇಲೆ, ಸುತ್ತ ಹೊತ್ತಿಕೊಳ್ಳುವಂಥದ್ದು ಏನೂ ಇಲ್ಲದ ಕಡೆ ಇಡುತ್ತೇನೆ. ಮರಳು ಹೊಳೆಯದ್ದಾಗಿರಲಿ, ಕಡಲಿನದು ಬೇಡ. ತುಂಬ ದಿನ ಇಡುವಾಗ ಒಂದೊಂದು ಸೆಲ್ 3.8 ವೋಲ್ಟಿನಲ್ಲಿರಬೇಕು, ಮೂರು ಸೆಲ್ ಸೇರಿ 11.4. ಪೂರ್ತಿ 12.6ಕ್ಕೆ ಚಾರ್ಜ್ ಮಾಡಿಟ್ಟರೆ ಆಯಸ್ಸು ಕಡಿಮೆ, ಊದಿಕೊಳ್ಳಲೂಬಹುದು. ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಅದೂ ಹಾಳು. ಊದಿದ ಬ್ಯಾಟರಿಗೆ ನಾನು ಎರಡನೇ ಅವಕಾಶ ಕೊಡುವುದಿಲ್ಲ.

ಇನ್ನು ರಿಪೇರಿ. ಶಿರಸಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಸರ್, ಮುಂದೆ ಚಲೋ ಹೋಗ್ತದೆ. ತಿರುಗಿಸಿದ ಕೂಡ್ಲೆ ಆಫ್ ಆಗಿ ಮತ್ತೆ ಆನ್ ಆಗ್ತದೆ. ಮೀಟರ್ ಇಟ್ಟು ನೋಡಿದೆ, 12 ವೋಲ್ಟ್ ಸರಿಯಾಗೇ ಬರ್ತಾ ಇದೆ."

"ನಿಂತಾಗ ನೋಡಿದ್ಯಾ, ತಿರುಗುವಾಗ ನೋಡಿದ್ಯಾ?" ಅಂದೆ. ನಿಂತಾಗ ನೋಡಿದ್ದ.

ಇಡೀ ರಿಪೇರಿಯ ಗುಟ್ಟು ಇಲ್ಲೇ ಇದೆ. ನಾಲ್ಕು ಚಕ್ರದ ರೋಬೋಟ್ ನಿಂತಲ್ಲೇ ತಿರುಗುವಾಗ ಟೈರುಗಳು ಅಡ್ಡಕ್ಕೆ ಉಜ್ಜುತ್ತವೆ, ಕರೆಂಟ್ ಏರುತ್ತದೆ. ದಾರಿಯಲ್ಲಿ ಕಿಲುಬು ಹಿಡಿದ ಒಂದು ಜೋಡಣೆ ಇದ್ದು ಅದರ ರೋಧ 0.1 ಓಮ್ ಅಂತಿಟ್ಟುಕೊಳ್ಳಿ. 10 ಆಂಪಿಯರ್ ಹರಿದರೆ ಅಲ್ಲೇ 1 ವೋಲ್ಟ್ ಹೋಯಿತು, ಜೊತೆಗೆ 10 ವ್ಯಾಟ್ ಶಾಖ. ಹೀಗೆ ವೋಲ್ಟೇಜ್ ಸಾಲದಷ್ಟು ಕುಸಿದಾಗ ರೋಬೋಟ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಕರೆಂಟ್ ಹರಿಯದಿದ್ದಾಗ ಅದೇ ಜೋಡಣೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಹಾಗಾಗಿ ಒಬ್ಬರು ರಿಮೋಟ್ ಹಿಡಿದು ತಿರುಗಿಸುತ್ತಿರಬೇಕು, ಇನ್ನೊಬ್ಬರು ಅಳೆಯಬೇಕು. ಮೊದಲು ಬ್ಯಾಟರಿ ತುದಿ, ಆಮೇಲೆ ಸ್ವಿಚ್ ದಾಟಿ, ಆಮೇಲೆ ಮೋಟಾರುಗಳಿಗೆ ಕರೆಂಟ್ ಹಂಚುವ ಬೋರ್ಡ್ ಆದ ಮೋಟಾರ್ ಡ್ರೈವರಿಗೆ ಕರೆಂಟ್ ಒಳಬರುವಲ್ಲಿ. ಎಲ್ಲಿ ಒಮ್ಮೆಲೇ ಕುಸಿಯುತ್ತದೋ ಅದರ ಹಿಂದಿನ ಜೋಡಣೆಯೇ ಕಳ್ಳ. ಬ್ಯಾಟರಿ ತುದಿಯಲ್ಲೇ ಕುಸಿದರೆ ಬ್ಯಾಟರಿಗೇ ವಯಸ್ಸಾಗಿದೆ. ಅವನದ್ದು ಸ್ವಿಚ್ಚಿನಲ್ಲಿತ್ತು. ಬೋರ್ಡ್ ಬದಲಿಸಲು ಹೊರಟಿದ್ದ, ಸ್ವಿಚ್ ಬದಲಿಸಿದ್ದೇ ಸಾಕಾಯಿತು. ನೆಲದ ತಂತಿಯ (ಗ್ರೌಂಡ್, ಅಂದರೆ ಬ್ಯಾಟರಿಯ ಮೈನಸ್) ಕಡೆಯೂ ಹೀಗೇ ನೋಡಬೇಕು, ಅದನ್ನು ತುಂಬ ಜನ ಮರೆಯುತ್ತಾರೆ.

ಮೋಟಾರ್ ಓಡಿದಾಗ ಮಾತ್ರ ರಿಮೋಟ್ ಸಂಪರ್ಕ ತಪ್ಪುತ್ತಿದ್ದರೆ, ಮೋಟಾರಿನ ವಿದ್ಯುತ್ ಗದ್ದಲ ತಗ್ಗಿಸಲು ಬ್ರಷ್ ಇರುವ ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿ ನೋಡಿ. ಅಂಟೆನಾ ಅಲ್ಯೂಮಿನಿಯಂ ಚಾಸಿಗೆ ಒರಗಿರಬಾರದು.

ಮಕ್ಕಳ ಕೈಗೆ ಕೊಡುವ ಮೊದಲು ಪ್ರತಿ ಸಲ ಒಂದು ಪರೀಕ್ಷೆ ಮಾಡುತ್ತೇನೆ. ರೋಬೋಟನ್ನು ಎತ್ತಿ ಮರದ ತುಂಡಿನ ಮೇಲಿಟ್ಟು, ಚಕ್ರ ತಿರುಗುತ್ತಿರುವಾಗಲೇ ರಿಮೋಟ್ ಆಫ್ ಮಾಡುವುದು. ಚಕ್ರ ನಿಲ್ಲಬೇಕು. ರೋಬೋಟಿನಲ್ಲಿ ರಿಮೋಟಿನ ಸಂಕೇತ ಹಿಡಿಯುವ ಕೆಲವು ರಿಸೀವರ್‌ಗಳು ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಓಡಿಸುತ್ತಲೇ ಇರುತ್ತವೆ. ಹಾಗಾದರೆ ಫೇಲ್‌ಸೇಫ್ (ಸಂಕೇತ ತಪ್ಪಿದಾಗ ಏನು ಮಾಡಬೇಕೆಂಬ ಸೆಟ್ಟಿಂಗ್) ಅನ್ನು ಸೊನ್ನೆಗೆ ಹೊಂದಿಸದೆ ನೆಲಕ್ಕೆ ಇಳಿಸುವುದಿಲ್ಲ.