ಮೊದಲು ಮೂಲೆ, ಆಮೇಲೆ ಗಿಡ: ಮನೆಯೊಳಗೆ ಹಸಿರು ಜೋಡಿಸುವ ನನ್ನ ಕ್ರಮ

ಮನೆಯೊಳಗೆ ಗಿಡ ಇಟ್ಟು ಅಂದಗೊಳಿಸುವ ಕೆಲಸ ಕೆಡುವುದು ಮನೆಯಲ್ಲಲ್ಲ, ನರ್ಸರಿಯಲ್ಲಿ. ಎಲೆ ಚೆನ್ನಾಗಿದೆ ಎಂದು ಗಿಡ ತರುತ್ತೇವೆ, ತಂದ ಮೇಲೆ ಎಲ್ಲಿಡುವುದೆಂದು ಯೋಚಿಸುತ್ತೇವೆ, ಕೊನೆಗೆ ಖಾಲಿ ಬಿದ್ದಿರುವ ಮೂಲೆಗೆ ತಳ್ಳುತ್ತೇವೆ. ಆ ಮೂಲೆ ಹೆಚ್ಚಾಗಿ ಕತ್ತಲ ಮೂಲೆಯೇ ಆಗಿರುತ್ತದೆ. ಎರಡು ಮೂರು ತಿಂಗಳಲ್ಲಿ ಎಲೆಯೆಲ್ಲ ಉದುರಿ ಕಡ್ಡಿಯೊಂದು ಉಳಿಯುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಜಾಗವನ್ನು. ಗಿಡದ ಹೆಸರು ಬರುವುದು ಅದಾದ ಮೇಲೆ.

ಬೆಳಕಿನ ವಿಷಯದಲ್ಲಿ ಕಣ್ಣನ್ನು ನಂಬುವಂತಿಲ್ಲ. ಮಂದ ಬೆಳಕಿಗೂ ಕಣ್ಣು ಹೊಂದಿಕೊಂಡುಬಿಡುತ್ತದೆ. ಓದಲು ಸಾಕಾಗುವ ಬೆಳಕು ಗಿಡಕ್ಕೆ ಉಪವಾಸ. ಫೋನಿನಲ್ಲಿ ಲಕ್ಸ್ ಮೀಟರ್ ಆ್ಯಪ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಹಾಕಿಕೊಂಡು, ಎಲೆ ಬರುವ ಎತ್ತರದಲ್ಲಿ ಕಿಟಕಿಗೆ ಮುಖ ಮಾಡಿ ಹಿಡಿದು, ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ ಮೂರು ಸಲ ಬರೆದಿಟ್ಟುಕೊಳ್ಳುತ್ತೇನೆ. ಫೋನಿನ ಅಳತೆ ಕರಾರುವಾಕ್ಕಲ್ಲ, ಆದರೆ ಈ ಜಾಗಕ್ಕೂ ಆ ಜಾಗಕ್ಕೂ ಎಷ್ಟು ಅಂತರ ಎಂಬುದು ತಿಳಿಯುತ್ತದೆ, ಅಷ್ಟೇ ಬೇಕಾದ್ದು. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಬಂದರೆ ಅಂಕಿ ಎಷ್ಟು ಕುಸಿಯುತ್ತದೆ ಎಂಬುದನ್ನು ಒಮ್ಮೆ ನೋಡಿದರೆ ಸಾಕು, ಮುಂದೆ ಯಾರೂ ಹೇಳಬೇಕಾಗಿಲ್ಲ.

ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ. ನಡುಮಧ್ಯಾಹ್ನ 300 ಲಕ್ಸ್‌ಗಿಂತ ಕಡಿಮೆ ಇದ್ದರೆ ಅಲ್ಲಿ ಗಿಡ ಕಾಯಂ ಆಗಿ ಇಡುವುದಿಲ್ಲ. 500ರಿಂದ 1000ದವರೆಗೆ ಝಡ್‌ಝಡ್, ಸ್ನೇಕ್ ಪ್ಲಾಂಟ್, ಹಸಿರೆಲೆಯ ಅಗ್ಲೋನೀಮಾ. 1000 ದಾಟಿದರೆ ಮನಿ ಪ್ಲಾಂಟ್, ಹೃದಯದಾಕಾರದ ಎಲೆಯ ಫಿಲೋಡೆಂಡ್ರಾನ್, ಪೀಸ್ ಲಿಲಿ. 2500ರ ಮೇಲೆ ಮಾನ್‌ಸ್ಟೆರಾ, ಅರೆಕಾ ಪಾಮ್, ರಬ್ಬರ್ ಗಿಡ. ಪಿಟೀಲಿನಾಕಾರದ ಎಲೆಯ ಫಿಡಲ್ ಲೀಫ್ ಫಿಗ್‌ಗೆ ಕಿಟಕಿಯ ಪಕ್ಕದ ಜಾಗವೇ ಆಗಬೇಕು. ಫೋನ್ ಬೇಡವೆಂದರೆ ಬಿಳಿ ಹಾಳೆಯ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಬಿದ್ದರೆ ಒಳ್ಳೆಯ ಬೆಳಕು. ಮಸುಕು ಮಚ್ಚೆಯಂತೆ ಬಿದ್ದರೆ ಮಧ್ಯಮ. ನೆರಳೇ ಕಾಣದಿದ್ದರೆ ಅಲ್ಲಿಗೆ ಗಿಡ ಬೇಡ, ಒಂದು ಚಿತ್ರಪಟ ತೂಗುಹಾಕಿ.

‘ಕತ್ತಲಲ್ಲೂ ಬೆಳೆಯುತ್ತದೆ’ ಎಂಬ ಚೀಟಿ ಅಂಟಿಸಿದ ಗಿಡಗಳಿವೆಯಲ್ಲ, ಅವು ಕತ್ತಲಲ್ಲಿ ಬೆಳೆಯುವುದಿಲ್ಲ, ನಿಧಾನವಾಗಿ ಸಾಯುತ್ತವೆ. ಝಡ್‌ಝಡ್‌ಗೆ ಮಣ್ಣಿನೊಳಗೆ ಗೆಡ್ಡೆಯಿದೆ, ಕೂಡಿಟ್ಟದ್ದನ್ನು ತಿಂದುಕೊಂಡು ತಿಂಗಳುಗಟ್ಟಲೆ ಹೊಸ ಚಿಗುರಿಲ್ಲದೆ ನಿಂತಿರುತ್ತದೆ. ಕತ್ತಲ ಮೂಲೆಗೆ ಗಿಡ ಬೇಕೇ ಬೇಕೆಂದರೆ ಒಂದೇ ಅಳತೆಯ ಎರಡು ಗಿಡ ತಂದು, ಒಂದು ಮೂಲೆಯಲ್ಲಿ, ಇನ್ನೊಂದು ಕಿಟಕಿಯ ಬಳಿ ಇಟ್ಟು, 15 ದಿನಕ್ಕೊಮ್ಮೆ ಅದಲುಬದಲು ಮಾಡುತ್ತೇನೆ. ಝಡ್‌ಝಡ್, ಸ್ನೇಕ್ ಪ್ಲಾಂಟ್, ಅಗ್ಲೋನೀಮಾ ಈ ಓಡಾಟಕ್ಕೆ ಬೇಸರಿಸುವುದಿಲ್ಲ. ಫಿಡಲ್ ಲೀಫ್ ಫಿಗ್ ಮತ್ತು ವೀಪಿಂಗ್ ಫಿಗ್‌ಗೆ ಮಾತ್ರ ಇದು ಆಗದು, ಜಾಗ ಬದಲಿಸಿದ ಸಿಟ್ಟಿಗೆ ಎಲೆ ಉದುರಿಸುತ್ತವೆ. ಇನ್ನೊಂದು ದಾರಿ ಎಲ್‌ಇಡಿ ಬಲ್ಬು: 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುತ್ತಮುತ್ತಲಿನ ಬಿಳಿ ಬೆಳಕಿನದು, 12ರಿಂದ 15 ವ್ಯಾಟ್, ಗಿಡದ ತುದಿಯಿಂದ 30–40 ಸೆಂ.ಮೀ. ಮೇಲೆ, ಟೈಮರ್ ಹಾಕಿ ದಿನಕ್ಕೆ 12 ಗಂಟೆ. ಗುಲಾಬಿ ನೇರಳೆ ಬಣ್ಣದ ದೀಪವೂ ಗಿಡಕ್ಕೆ ಸಾಕಾಗುತ್ತದೆ, ಆದರೆ ಅದರ ಕೆಳಗೆ ಕೋಣೆಯ ಯಾವ ಬಣ್ಣವೂ ತನ್ನ ಬಣ್ಣದಲ್ಲಿರುವುದಿಲ್ಲ.

ಅಂದದ ಲೆಕ್ಕಕ್ಕೆ ಬಂದರೆ, ಹತ್ತು ಪುಟ್ಟ ಕುಂಡಗಳಿಗಿಂತ ಎದೆಯೆತ್ತರದ ಒಂದು ಗಿಡ ಮೇಲು. ಕಪಾಟಿನ ತುಂಬ ಸಣ್ಣ ಕುಂಡ ಜೋಡಿಸಿದರೆ ಕೋಣೆ ನರ್ಸರಿಯಂತೆ ಕಾಣುತ್ತದೆ, ಧೂಳೊರೆಸುವ ಕೆಲಸ ಬೇರೆ. ಸೋಫಾದ ಪಕ್ಕ 120ರಿಂದ 150 ಸೆಂ.ಮೀ. ಎತ್ತರದ ರಬ್ಬರ್ ಗಿಡವೋ ಅರೆಕಾವೋ ನಿಂತರೆ ನೋಟ ಅಲ್ಲಿಗೆ ಹೋಗಿ ಕೂರುತ್ತದೆ. ಗಿಡದ ತುದಿಗೂ ಸೂರಿಗೂ ಎರಡಡಿಯಾದರೂ ಖಾಲಿ ಬಿಡಬೇಕು, ಇಲ್ಲದಿದ್ದರೆ ಕೋಣೆ ಕುಗ್ಗಿದಂತೆ ಕಾಣುತ್ತದೆ. ನಿಂತ ಗಿಡಕ್ಕೆ ಕುಂಡ ಒಟ್ಟು ಎತ್ತರದ ಮೂರನೇ ಒಂದು ಭಾಗ ಇದ್ದರೆ ಹದ. ಕುಂಡ ಅದಕ್ಕಿಂತ ಗಿಡ್ಡವಾದರೆ ಗಿಡ ಈಗ ಬಿದ್ದೀತು ಎನ್ನಿಸುತ್ತದೆ.

ಗುಂಪಾಗಿ ಇಡುವುದಾದರೆ ಮೂರು. ಒಂದು ನೆಟ್ಟಗೆ ಮೇಲೇಳುವುದು, ಒಂದು ಅಗಲಕ್ಕೆ ಹರಡುವುದು, ಒಂದು ಕೆಳಕ್ಕೆ ಇಳಿಬೀಳುವುದು. ಎತ್ತರ ಸುಮಾರಾಗಿ 3:2:1. ಉದಾಹರಣೆಗೆ 90 ಸೆಂ.ಮೀ. ಸ್ನೇಕ್ ಪ್ಲಾಂಟ್, 60ರ ಪೀಸ್ ಲಿಲಿ, 30ರ ಸ್ಟೂಲಿನಂಚಿನಿಂದ ಇಳಿಯುವ ಮನಿ ಪ್ಲಾಂಟ್. ಮೂರಕ್ಕೂ ಬೆಳಕು ನೀರಿನ ಬೇಡಿಕೆ ಬೇರೆಯಾದ್ದರಿಂದ ಬೆಳಕು ಹೆಚ್ಚು ಬೇಕಾದದ್ದು ಕಿಟಕಿಯ ಕಡೆಗೆ, ಮತ್ತು ನೀರು ಪ್ರತಿಯೊಂದಕ್ಕೂ ಬೇರೆಬೇರೆ ದಿನ. ಬಿಳಿ ಹಳದಿ ಪಟ್ಟೆಯ ಎಲೆ ಗುಂಪಿಗೆ ಒಂದೇ ಸಾಕು. ಎರಡಾದರೆ ಜಗಳಕ್ಕೆ ಬೀಳುತ್ತವೆ. ಪಟ್ಟೆಯೆಲೆಗೆ ಬೆಳಕೂ ಜಾಸ್ತಿ ಬೇಕು, ಬಿಳಿ ಭಾಗದಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ವಸ್ತು, ಹರಿತ್ತು, ಇಲ್ಲ. ಮಂದ ಬೆಳಕಲ್ಲಿ ಮನಿ ಪ್ಲಾಂಟಿನ ಹೊಸ ಎಲೆಗಳು ಬರಬರುತ್ತ ಅಪ್ಪಟ ಹಸಿರಾಗುತ್ತವೆ. ಕುಂಡಗಳ ಆಕಾರ ಬೇರೆ ಇರಲಿ, ಬಣ್ಣ ಒಂದೇ ಮನೆತನದ್ದಿರಲಿ. ಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಬಿಟ್ಟರೆ ಹಿಂದಿನ ಎಲೆ ಮುರಿಯುವುದಿಲ್ಲ. ಕುಂಡದ ಮುಂದೆ ನೆಲದ ಮೇಲೊಂದು ಸಣ್ಣ ದೀಪವಿಟ್ಟರೆ ರಾತ್ರಿ ಎಲೆಗಳ ನೆರಳು ಗೋಡೆಯ ಮೇಲೆ ದೊಡ್ಡದಾಗಿ ಬೀಳುತ್ತದೆ. ಖರ್ಚಿಲ್ಲದ ಅಲಂಕಾರ, ನನಗಂತೂ ಇದರಷ್ಟು ಇಷ್ಟವಾದದ್ದು ಬೇರಿಲ್ಲ.

ಇನ್ನು ಕುಂಡ. ಎಲ್ಲ ಎಡವಟ್ಟುಗಳ ತವರು ಇದು. ಅಂದದ ಕುಂಡಕ್ಕೆ ನೇರವಾಗಿ ಗಿಡ ನೆಡುವುದಿಲ್ಲ ನಾನು. ಅದಕ್ಕೆ ತಳದಲ್ಲಿ ತೂತಿರುವುದೇ ಅಪರೂಪ. ಗಿಡ ತೂತಿರುವ ಪ್ಲಾಸ್ಟಿಕ್ ಕುಂಡದಲ್ಲೇ ಇರುತ್ತದೆ, ಅದನ್ನು ಹೊರಗಿನ ಕುಂಡದೊಳಗೆ ಇಳಿಸುತ್ತೇನೆ. ಹೊರಕುಂಡದ ಬಾಯಿಯ ಒಳ ಅಳತೆ ಒಳಕುಂಡಕ್ಕಿಂತ 3–4 ಸೆಂ.ಮೀ. ಹೆಚ್ಚಿರಬೇಕು, ಎತ್ತಲು ಎರಡು ಬೆರಳು ಹೋಗಬೇಕಲ್ಲ. ಒಳಕುಂಡದ ಅಂಚು ಹೊರಕುಂಡದ ಅಂಚಿಗಿಂತ 1–2 ಸೆಂ.ಮೀ. ಕೆಳಗೆ ನಿಂತರೆ ಪ್ಲಾಸ್ಟಿಕ್ ಕಾಣುವುದಿಲ್ಲ. ಅಷ್ಟು ಎತ್ತರ ಬರಲು ಅಡಿಗೆ ಹೆಂಚಿನ ಚೂರೋ ಬೋರಲು ಹಾಕಿದ ತಟ್ಟೆಯೋ ಇಡುತ್ತೇನೆ, ಕಡಿಮೆಯೆಂದರೂ 2–3 ಸೆಂ.ಮೀ. ಸೋರಿದ ನೀರು ಆ ಸಂದಿಯಲ್ಲಿ ನಿಲ್ಲುತ್ತದೆ, ಬೇರಿಗೆ ತಾಗುವುದಿಲ್ಲ. ನೀರು ಹಾಕಿ 15 ನಿಮಿಷ ಬಿಟ್ಟು ಒಳಕುಂಡ ಎತ್ತಿ ಆ ನೀರನ್ನು ಚೆಲ್ಲಬೇಕು. ಇದನ್ನು ಮರೆತರೆ ಗಿಡ ಒಂದೆರಡು ವಾರ ನಗುನಗುತ್ತಲೇ ಇದ್ದು, ಒಂದು ದಿನ ಕಾಂಡದ ಬುಡ ಮೆತ್ತಗಾಗಿ ಬಾಗುತ್ತದೆ. ಆಗ ಎತ್ತಿ ಮೂಸಿ ನೋಡಿದರೆ ಕೊಳೆತ ವಾಸನೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ತಲೆತಲಾಂತರದ ನಂಬಿಕೆ. ಬಸಿಯುವುದಿಲ್ಲ. ಸಣ್ಣ ರಂಧ್ರಗಳ ಮಣ್ಣು ನೀರನ್ನು ಹಿಡಿದುಕೊಂಡಿರುತ್ತದೆ, ತಾನು ಪೂರ್ತಿ ತೊಯ್ಯುವವರೆಗೆ ಕೆಳಗಿನ ದೊಡ್ಡ ಸಂದಿಗಳಿಗೆ ಬಿಟ್ಟುಕೊಡುವುದಿಲ್ಲ. ಹೀಗಾಗಿ ತಳದಲ್ಲಿರಬೇಕಾದ ಒದ್ದೆ ಪದರ ಜಲ್ಲಿಯಷ್ಟೇ ಮೇಲೆ ಬಂದು ಬೇರಿನ ನಡುವೆ ಕೂರುತ್ತದೆ. ತೂತು ಮುಚ್ಚದಂತೆ ಒಂದು ತುಂಡು ಸೊಳ್ಳೆಪರದೆ ಹಾಸಿದರೆ ಸಾಕು.

ಮಣ್ಣಿಗೆ ತೋಟದ ಮಣ್ಣು ಬೇಡ, ಕುಂಡದಲ್ಲಿ ಗಟ್ಟಿಯಾಗಿ ಬೇರು ಉಸಿರುಗಟ್ಟುತ್ತದೆ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು), ಒಂದು ಪಾಲು ಎರೆಗೊಬ್ಬರ. ಸ್ನೇಕ್ ಪ್ಲಾಂಟ್, ಝಡ್‌ಝಡ್‌ಗಾದರೆ ಅರ್ಧಕ್ಕರ್ಧ ಪರ್ಲೈಟ್ ಇಲ್ಲವೇ ದಪ್ಪ ಮರಳು. ಕೊಕೊಪೀಟನ್ನು ಎರಡು ಮೂರು ನೀರಲ್ಲಿ ನೆನೆಸಿ ಹಿಂಡಿಯೇ ಬಳಸಬೇಕು, ಉಪ್ಪು ಉಳಿದರೆ ಎಲೆಯಂಚು ಸುಡುತ್ತದೆ. ಕುಂಡ ಬದಲಿಸುವಾಗ ಅಗಲ 3–5 ಸೆಂ.ಮೀ.ಗಿಂತ ಹೆಚ್ಚು ದೊಡ್ಡದಕ್ಕೆ ಹಾರಬಾರದು. ಬೇರು ಮುಟ್ಟದ ಮಣ್ಣು ಒಣಗುವುದೇ ಇಲ್ಲ. ಕುಂಡ ದೊಡ್ಡದು ಕಾಣಬೇಕೆಂಬ ಆಸೆಯಿದ್ದರೆ ಹೊರಕುಂಡ ದೊಡ್ಡದು ತನ್ನಿ, ಒಳಗಿನದಲ್ಲ.

ನೀರಿಗೆ ವಾರದ ದಿನ ಗೊತ್ತುಮಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗಿಳಿಸಿ, ಒಣಗಿದ್ದರೆ ತಳದಿಂದ ಸೋರುವಷ್ಟು ಹಾಕಿ. ಝಡ್‌ಝಡ್, ಸ್ನೇಕ್ ಪ್ಲಾಂಟಿಗೆ ಕುಂಡ ಪೂರ್ತಿ ಒಣಗಿ ಎತ್ತಿದರೆ ಹಗುರ ಎನ್ನಿಸಬೇಕು. ಕೆಳಗಿನ ಎಲೆಗಳು ಹಳದಿಯಾಗಿ ಮೆತ್ತಗಾದರೆ ನೀರು ಜಾಸ್ತಿ. ಅಂಚು ಕಂದಾಗಿ ಗರಿಗರಿಯಾದರೆ ನೀರು ಕಡಿಮೆ ಅಥವಾ ಮಣ್ಣಲ್ಲಿ ಉಪ್ಪು. ಹಾಕಿದ ನೀರು ಕ್ಷಣದಲ್ಲೇ ತಳಕ್ಕೆ ಓಡಿಬಂದರೆ ಗಿಡ ಕುಡಿದಿದೆ ಎಂದಲ್ಲ, ಒಣಗಿದ ಕೊಕೊಪೀಟ್ ಕುಂಡದ ಗೋಡೆ ಬಿಟ್ಟು ನಿಂತಿದೆ, ನೀರು ಪಕ್ಕದಿಂದ ಜಾರಿಹೋಗುತ್ತಿದೆ. ಬಕೆಟ್ಟಿನಲ್ಲಿ ಅರ್ಧ ಗಂಟೆ ಕೂರಿಸಿ ನೆನೆಸಿದರೆ ಸರಿಹೋಗುತ್ತದೆ.

ಮೆರುಗು ಕೊಡದ ಮಣ್ಣಿನ ತಟ್ಟೆ ನೇರ ಮರದ ನೆಲದ ಮೇಲಿದ್ದರೆ ಬೆವರಿ ಉಂಗುರದ ಕಲೆ ಬೀಳುತ್ತದೆ. ತಟ್ಟೆಗೂ ನೆಲಕ್ಕೂ ಗಾಳಿಯಾಡುವಂತೆ ಪುಟ್ಟ ಕಾಲುಗಳಿರಬೇಕು. ಸೆಣಬಿನ ಬುಟ್ಟಿಯಾದರೆ ಒಳಗೆ ಪ್ಲಾಸ್ಟಿಕ್ ತಟ್ಟೆ, ಇಲ್ಲವಾದರೆ ಬೂಷ್ಟು ಖಚಿತ. ತೂಗುಹಾಕುವ 20 ಸೆಂ.ಮೀ. ಕುಂಡ ನೀರು ಕುಡಿದಾಗ 4–5 ಕಿಲೋ ತೂಗುತ್ತದೆ, ಕೊಕ್ಕೆ ಅದರ ಎರಡರಷ್ಟಾದರೂ ತಾಳುವಂತಿರಲಿ.

ಮನೆಯೊಳಗಿನ ಗಿಡ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ಮಾತಿಗೆ ಎರಡೇ ಸಾಲು. ಆ ಮಾತಿಗೆ ಆಧಾರವಾಗಿ ಹೇಳುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯಲ್ಲಿ. 2019ರಲ್ಲಿ ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದ ವಿಮರ್ಶೆ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಶುದ್ಧಿಗೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದಿತು. ಅಂದಕ್ಕೆ ಇಡಿ. ಆದರೆ ಮಗುವೋ ಬೆಕ್ಕೋ ನಾಯಿಯೋ ಇರುವ ಮನೆಯಲ್ಲಿ ಇದನ್ನು ಗಮನಿಸಿ: ಮನಿ ಪ್ಲಾಂಟ್, ಮಾನ್‌ಸ್ಟೆರಾ, ಡಿಫೆನ್‌ಬಾಕಿಯಾ, ಪೀಸ್ ಲಿಲಿ, ಝಡ್‌ಝಡ್ ಇವೆಲ್ಲದರಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಅಗಿದರೆ ಬಾಯಿ ಗಂಟಲು ಉರಿದು ಊದುತ್ತದೆ. ಕೈಗೆಟುಕುವ ಎತ್ತರಕ್ಕೆ ಅರೆಕಾ, ಸ್ಪೈಡರ್ ಪ್ಲಾಂಟ್, ಕ್ಯಾಲಥಿಯಾ ಇಡಬಹುದು.

ಹೊಸ ಗಿಡವನ್ನು ಎರಡು ಮೂರು ವಾರ ಬೇರೆ ಇಡುತ್ತೇನೆ. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಕಂಡರೆ ಅದು ಹಿಟ್ಟು ತಿಗಣೆ: 70% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದಾಗಿ ಒರೆಸಿ, ಆಮೇಲೆ ಲೀಟರ್ ಬೆಚ್ಚನೆ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, 2 ಮಿ.ಲೀ. ದ್ರವ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆ ಮೂರು ಸಲ. ಎಲೆ ಹೊಳೆಯಲೆಂದು ಎಣ್ಣೆ ಹಚ್ಚುವವರಿದ್ದಾರೆ, ಧೂಳು ಅಂಟಿಕೊಳ್ಳುತ್ತದೆ ಅಷ್ಟೇ. ಕೆಳಗೊಂದು ಕೈ ಕೊಟ್ಟು ಒದ್ದೆ ಬಟ್ಟೆಯಿಂದ ಒರೆಸಿದರೆ ಬೇಕಾದಷ್ಟು ಹೊಳಪು.

ಕೊನೆಗೆ ಗೋಡೆಗೆ ಹಬ್ಬಿಸಿದ ಮನಿ ಪ್ಲಾಂಟ್. ಕಪಾಟಿನ ಮೇಲೆ ಕುಂಡ, ಅಲ್ಲಿಂದ ಕಿಟಕಿಯ ದಿಕ್ಕಿಗೆ ಬಳ್ಳಿ. ಕಿಟಕಿಗೆ ಬೆನ್ನು ಹಾಕಿ ಓಡಿಸಿದರೆ ಎಲೆಗಳೆಲ್ಲ ತಿರುಗಿ ಹಿಂಬದಿ ತೋರಿಸುತ್ತವೆ, ಗೆಣ್ಣುಗಳ ನಡುವಿನ ಅಂತರ ಉದ್ದವಾಗುತ್ತದೆ. ಗೋಡೆಗೆ ಪಾರದರ್ಶಕ ಅಂಟು ಕ್ಲಿಪ್ಪುಗಳನ್ನು 25–30 ಸೆಂ.ಮೀ.ಗೊಂದರಂತೆ ಅಂಟಿಸಿ, ಒಂದು ದಿನ ಬಿಟ್ಟು ಬಳ್ಳಿ ಸಿಕ್ಕಿಸಿ. ಹಿಡಿತ ಸಡಿಲವಿರಲಿ, ಕಾಂಡ ದಪ್ಪವಾಗುತ್ತದೆ. ಗೆಣ್ಣಿನಿಂದ ಹೊರಡುವ ಕಂದು ಬೇರು ಗೋಡೆಗೆ ಕಚ್ಚಿಕೊಂಡರೆ ಕೀಳುವಾಗ ಬಣ್ಣವೂ ಬರುತ್ತದೆ, ಮೊಳೆಯಷ್ಟಿರುವಾಗಲೇ ಚಿವುಟಿಬಿಡಿ.

ವರ್ಷ ಕಳೆಯುವುದರೊಳಗೆ ಬಳ್ಳಿ ಗೋಡೆ ತುಂಬ ಓಡಿ, ಕುಂಡದ ಬಾಯಿ ಮಾತ್ರ ಬೋಳಾಗಿರುತ್ತದೆ. ಇದಕ್ಕೆ ಮರುಕಪಟ್ಟರೆ ಆಗದು. ಅತಿ ಉದ್ದದ ಎರಡು ಬಳ್ಳಿಗಳನ್ನು ಬುಡದಿಂದ ಎರಡು ಗೆಣ್ಣು ಬಿಟ್ಟು ಕತ್ತರಿಸಿ. ಕತ್ತರಿಸಿದ್ದನ್ನು ಒಂದೆಲೆ ಒಂದು ಗೆಣ್ಣಿನ ತುಂಡುಗಳಾಗಿಸಿ, ಗೆಣ್ಣಿನ ಕೆಳಗೆ 2 ಸೆಂ.ಮೀ. ಕಾಂಡ ಉಳಿದಿರಲಿ. ಗೆಣ್ಣು ಮುಳುಗುವಷ್ಟು ನೀರಲ್ಲಿ ನಿಲ್ಲಿಸಿ, ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಎರಡು ಮೂರು ವಾರದಲ್ಲಿ ಬೇರು ಬೆರಳಿನರ್ಧ ಉದ್ದವಾದಾಗ ಆರೆಂಟು ತುಂಡುಗಳನ್ನು ಅದೇ ಕುಂಡದ ಅಂಚಿನುದ್ದಕ್ಕೂ ನೆಡಿ. ಹೆಚ್ಚು ದಿನ ನೀರಲ್ಲೇ ಬಿಟ್ಟರೆ ಆ ಬೇರು ಮಣ್ಣಿಗೆ ಹೊಂದಿಕೊಳ್ಳಲು ತಡವರಿಸುತ್ತದೆ, ಮೊದಲ ಹತ್ತು ದಿನ ಮಣ್ಣು ಒಣಗಗೊಡಬೇಡಿ. ಅಷ್ಟರಲ್ಲಿ ಬುಡದಲ್ಲಿ ಬಿಟ್ಟ ಗೆಣ್ಣುಗಳೂ ಊದಿಕೊಂಡು, ಸುರುಳಿ ಸುತ್ತಿದ ತಿಳಿಹಸಿರು ಮೊನೆಯೊಂದು ಪಕ್ಕದಿಂದ ಇಣುಕಲು ಶುರುವಾಗಿರುತ್ತದೆ.