ನಾಬ್ ಸೊನ್ನೆಗಿಟ್ಟರೂ ನಿಲ್ಲದ ದನಿ: ನನ್ನ ಸಬ್‌ವೂಫರ್‌ಗೆ ರೇಡಿಯೋ ನುಗ್ಗಿದ್ದು ಎಲ್ಲಿಂದ?

ರಾತ್ರಿ ಸಿನಿಮಾ ಮುಗಿದು ರಿಸೀವರ್ (ಸ್ಪೀಕರ್‌ಗಳಿಗೆಲ್ಲ ದನಿ ಹಂಚುವ ಪೆಟ್ಟಿಗೆ) ಆಫ್ ಮಾಡಿದ್ದೆ. ಸೋಫಾದ ಹಿಂದೆ ಯಾರೋ ಮೆಲ್ಲಗೆ ಮಾತಾಡಿದಂತೆ ಕೇಳಿಸಿತು. ಹೊರಗಡೆ ಯಾರೋ ಇರಬೇಕು ಅಂತ ಕಿಟಕಿ ಮುಚ್ಚಿದೆ. ದನಿ ಹಾಗೇ ಇತ್ತು. ಬಗ್ಗಿ ಸಬ್‌ವೂಫರ್‌ನ, ಅಂದರೆ ಬರೀ ದಪ್ಪ ದನಿಗೆಂದೇ ಇರುವ ಸ್ಪೀಕರ್‌ನ, ಕೋನ್ ಹತ್ತಿರ ಕಿವಿ ಇಟ್ಟೆ. ಒಬ್ಬರು ವಾರ್ತೆ ಓದುತ್ತಿದ್ದರು. ಮಾತು ಮಾತೂ ಗೊತ್ತಾಗುತ್ತಿತ್ತು.

ಅದಕ್ಕೂ ಮುಂಚೆ ಒಂದು ವಿಷಯ ಗಮನಿಸಿದ್ದೆ, ಆದರೆ ತಲೆಗೆ ಹಚ್ಚಿಕೊಂಡಿರಲಿಲ್ಲ. ಈ ಸಬ್‌ವೂಫರ್‌ಗೆ ಆಟೋ ಸ್ಟ್ಯಾಂಡ್‌ಬೈ ಇದೆ. ಸಿಗ್ನಲ್ ಇಲ್ಲದೆ ಇಪ್ಪತ್ತು ನಿಮಿಷ ಕಳೆದರೆ ಹಿಂದಿನ ಹಸಿರು ದೀಪ ಕೆಂಪಗಾಗಬೇಕು. ನನ್ನದರಲ್ಲಿ ಅದು ಕೆಂಪಗಾಗಿದ್ದನ್ನು ನಾನು ನೋಡೇ ಇರಲಿಲ್ಲ.

ಇಂಥ ತೊಂದರೆ ಬಂದಾಗ ಮೊದಲು ದನಿ ಯಾವ ಜಾತಿಯದು ಅಂತ ಗುರುತಿಸಬೇಕು. ಒಂದೇ ಸಮನೆ ಗುಂಯ್ ಅಂದರೆ ಅದು ಕರೆಂಟಿನ 50 ಅಥವಾ 60 ಹರ್ಟ್ಸ್, ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಉಪಕರಣಗಳ ಗ್ರೌಂಡ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಆಗುವ ಸುತ್ತು. ಅದಕ್ಕೆ ಮದ್ದೇ ಬೇರೆ. ಕರೆ ಬರುವ ಮುಂಚೆ ಟಟಟ್ ಟಟಟ್ ಅಂದು ಆಮೇಲೆ ಬರ್ರ್ ಅಂದರೆ ಹತ್ತಿರದಲ್ಲಿ 2ಜಿ ಫೋನ್ ಇದೆ. ಅದರ ಟ್ರಾನ್ಸ್‌ಮಿಟರ್ ಸೆಕೆಂಡಿಗೆ ಸುಮಾರು 217 ಸಲ ಆನ್ ಆಗಿ ಆಫ್ ಆಗುತ್ತದೆ, ನಮಗೆ ಕೇಳುವುದು ಆ ಬಡಿತ. ಎಲ್‌ಇಡಿ ಬಲ್ಬಿನ ಡ್ರೈವರ್, ಚಾರ್ಜರ್, ಡಿಮ್ಮರ್ ಇವೆಲ್ಲ ಗರಗರ ಶಬ್ದ ಮಾಡುತ್ತವೆ. ಒಂದೊಂದಾಗಿ ಆಫ್ ಮಾಡುತ್ತಾ ಹೋದರೆ ಕಳ್ಳ ಸಿಗುತ್ತಾನೆ.

ನನಗೆ ಕೇಳಿಸಿದ್ದು ಮನುಷ್ಯರ ಮಾತು, ಅದೂ ಸ್ಪಷ್ಟವಾಗಿ. ಅಂದರೆ ಎಎಂ ರೇಡಿಯೋ ಇರಬೇಕು. ಬ್ಯಾಟರಿ ರೇಡಿಯೋ ಒಂದನ್ನು ತಂದು ಮೀಡಿಯಂ ವೇವ್ ಬ್ಯಾಂಡ್ ಮೇಲೆ ನಿಧಾನವಾಗಿ ತಿರುಗಿಸಿದೆ. 1 ಮೆಗಾಹರ್ಟ್ಸ್‌ಗಿಂತ ಸ್ವಲ್ಪ ಕೆಳಗೆ ಅದೇ ದನಿ, ಅದೇ ವಾಕ್ಯ ಸಿಕ್ಕಿತು. ಒಂದು ಕಿವಿಗೆ ರೇಡಿಯೋ, ಇನ್ನೊಂದು ಕಿವಿಗೆ ಸಬ್‌ವೂಫರ್. ಎರಡೂ ಒಂದೇ ಮಾತಾಡುತ್ತಿದ್ದವು.

ರೇಡಿಯೋ ಅಲ್ಲದ ಪೆಟ್ಟಿಗೆ ರೇಡಿಯೋ ಆಗುವುದು ಹೇಗೆ? ಎಎಂನಲ್ಲಿ ಅಲೆಯ ಎತ್ತರವೇ ದನಿಗೆ ತಕ್ಕ ಹಾಗೆ ಏರಿಳಿಯುತ್ತದೆ. ಅದನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿದರೆ ಸಾಕು, ದನಿ ಹೊರಗೆ ಬರುತ್ತದೆ. ಹಳೆಯ ಕ್ರಿಸ್ಟಲ್ ರೇಡಿಯೋಗಳು ಬ್ಯಾಟರಿಯೇ ಇಲ್ಲದೆ ಒಂದು ಡಯೋಡ್‌ನಲ್ಲಿ ಇದನ್ನೇ ಮಾಡುತ್ತಿದ್ದವು. ಆಂಪ್ಲಿಫೈಯರ್ ಒಳಗಿನ ಒಂದೊಂದು ಟ್ರಾನ್ಸಿಸ್ಟರ್‌ನಲ್ಲೂ ಅಂಥ ಜಂಕ್ಷನ್ ಇದ್ದೇ ಇದೆ. ತುಕ್ಕು ಹಿಡಿದ ಪ್ಲಗ್ ಕೂಡ ಕೆಲವು ಸಲ ಡಯೋಡಿನ ಕೆಲಸ ಮಾಡುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೊದಲು ರಿಸೀವರ್‌ನಿಂದ ಸಬ್‌ವೂಫರ್‌ಗೆ ಸಿಗ್ನಲ್ ತರುವ ಕೇಬಲ್‌ನ ಆರ್‌ಸಿಎ ಪ್ಲಗ್‌ಗಳನ್ನು ಚೆನ್ನಾಗಿ ಒರೆಸಿ ಬಿಗಿಯಾಗಿ ಹಾಕಿದೆ. ನನ್ನ ವಿಷಯದಲ್ಲಿ ಅದರಿಂದ ಏನೂ ಬದಲಾಗಲಿಲ್ಲ.

ಆಮೇಲೆ ಎರಡು ತಪ್ಪು ಮಾಡಿದೆ. ಒಂದು, ದಪ್ಪನೆಯ ಡಬಲ್ ಶೀಲ್ಡ್ ಕೇಬಲ್ (ನಡುವಿನ ತಂತಿಯ ಸುತ್ತ ಎರಡು ಪದರ ಲೋಹದ ಹೊದಿಕೆ ಇರುವಂಥದ್ದು) ತಂದು ಹಾಕಿದ್ದು. ಇನ್ನೊಂದು, ಕ್ಲಿಪ್ ಮಾಡುವ ಸಣ್ಣ ಫೆರೈಟ್ (ರೇಡಿಯೋ ಕರೆಂಟನ್ನು ತಡೆಯುವ ಕಾಂತೀಯ ತುಂಡು) ಒಂದನ್ನು ಆ ಕೇಬಲ್‌ಗೆ ಸಿಕ್ಕಿಸಿದ್ದು. ದನಿ ಒಂದು ಚೂರೂ ಕಡಿಮೆಯಾಗಲಿಲ್ಲ. ಎರಡೂ ಒಳ್ಳೆಯ ಸಾಮಾನೇ. ಆದರೆ ರೇಡಿಯೋ ಎಲ್ಲಿಂದ ಒಳಗೆ ಬರುತ್ತಿದೆ ಅಂತ ತಿಳಿಯದೆ ನಾನು ಅವನ್ನು ಹಾಕಿದ್ದೆ.

ಮಾರನೇ ದಿನ ಕೂತು ಸರಿಯಾಗಿ ಪರೀಕ್ಷೆ ಶುರು ಮಾಡಿದೆ. ಇದಕ್ಕೆ ಕಾಸು ಖರ್ಚಿಲ್ಲ, ಒಂದು ಗಂಟೆ ಬೇಕು ಅಷ್ಟೆ.

ಮೊದಲು ಸಬ್‌ವೂಫರ್‌ನ ವಾಲ್ಯೂಮ್ ನಾಬ್ ಸೊನ್ನೆಗೆ ತಂದೆ. ದನಿ ಹಾಗೇ ಇತ್ತು. ಪೂರ್ತಿ ಏರಿಸಿದೆ. ಆಗಲೂ ಅಷ್ಟೇ. ಅಂದರೆ ರೇಡಿಯೋ ಮಾತಾಗಿ ಬದಲಾಗುತ್ತಿರುವುದು ನಾಬ್ ದಾಟಿದ ಮೇಲೆ. ನಾಬ್ ತಿರುಗಿಸಿದಾಗ ದನಿ ಏರಿಳಿದಿದ್ದರೆ ಅದಕ್ಕಿಂತ ಮುಂಚೆ ಅಂತ ಅರ್ಥ. ಇದಕ್ಕೆ ಇನ್ನೊಂದು ಸಾಕ್ಷಿಯೂ ಇತ್ತು. ನನ್ನ ಸಬ್‌ವೂಫರ್‌ನ ಕ್ರಾಸ್‌ಓವರ್, ಅಂದರೆ ಮೇಲಿನ ದನಿಗಳನ್ನು ತಡೆಯುವ ಫಿಲ್ಟರ್, 80 ಹರ್ಟ್ಸ್‌ನಲ್ಲಿತ್ತು. ಮನುಷ್ಯರ ಮಾತಿನ ಸ್ಪಷ್ಟತೆ ಇರುವುದೆಲ್ಲ ಅದಕ್ಕಿಂತ ತುಂಬಾ ಮೇಲೆ. ದನಿ ಆ ಫಿಲ್ಟರ್ ಮೂಲಕ ಹಾದು ಬಂದಿದ್ದರೆ ಬರೀ ಗೊಣಗಾಟ ಕೇಳಿಸಬೇಕಿತ್ತು. ನನಗೆ ವಾರ್ತೆ ಅರ್ಥವಾಗುತ್ತಿತ್ತು ಅಂದರೆ ಅದು ಫಿಲ್ಟರ್ ಅನ್ನು ಮುಟ್ಟಿಯೇ ಇಲ್ಲ.

ಹಾಗಾದರೆ ಕೇಬಲ್‌ದು ತಪ್ಪಿಲ್ಲ ಅಲ್ವಾ? ನಾನೂ ಹಾಗೇ ಅಂದುಕೊಂಡು ಆರ್‌ಸಿಎ ಕೇಬಲ್ ಕಿತ್ತೆ. ದನಿ ಮಾಯ!

ಇಲ್ಲಿ ನಾನು ಸಾಕಷ್ಟು ಹೊತ್ತು ತಲೆ ಕೆರೆದುಕೊಂಡೆ. ಕೇಬಲ್ ಕಿತ್ತರೆ ಹೋಗುತ್ತದೆ, ಆದರೆ ಕೇಬಲ್‌ನ ಸಿಗ್ನಲ್ ಹಾದುಹೋಗುವ ನಾಬ್ ಮುಚ್ಚಿದರೆ ಹೋಗುವುದಿಲ್ಲ. ಒಂದೇ ದಾರಿ ಉಳಿಯಿತು. ಅದು ನಡುವಿನ ತಂತಿಯಲ್ಲಿ ಬರುತ್ತಿಲ್ಲ, ಶೀಲ್ಡ್ ಮೇಲೆ ಬರುತ್ತಿದೆ. ಪರೀಕ್ಷೆ ಮಾಡೋಣ ಅಂತ ಒಂದು ಹಳೇ ಆರ್‌ಸಿಎ ಪ್ಲಗ್‌ನಲ್ಲಿ ನಡುವಿನ ಪಿನ್ ಮತ್ತು ಹೊರಗಿನ ಉಂಗುರ ಎರಡನ್ನೂ ಸೇರಿಸಿ ಬೆಸುಗೆ ಹಾಕಿದೆ. ಇದನ್ನು ಶಾರ್ಟಿಂಗ್ ಪ್ಲಗ್ ಅನ್ನುತ್ತಾರೆ. ಇದು ಸಬ್‌ವೂಫರ್‌ನ ಇನ್‌ಪುಟ್‌ಗೆ ಮಾತ್ರ, ಯಾವುದೇ ಔಟ್‌ಪುಟ್‌ಗೆ ಹಾಕಬಾರದು. ಇನ್‌ಪುಟ್‌ಗೆ ಹಾಕಿದೆ, ನಿಶ್ಶಬ್ದ. ಈಗ ಅದೇ ಪ್ಲಗ್‌ನ ಹೊರ ಉಂಗುರಕ್ಕೆ ಎಂಟು ಮೀಟರ್ ಸಾದಾ ತಂತಿ ಕಟ್ಟಿ ನೆಲದ ಮೇಲೆ ಹಾಸಿದೆ. ಸಿಗ್ನಲ್ ಹೋಗಲು ದಾರಿಯೇ ಇಲ್ಲ, ಇನ್‌ಪುಟ್ ಶಾರ್ಟ್ ಆಗಿದೆ. ಆದರೂ ಮೆಲ್ಲಗೆ, ಸಣ್ಣಗೆ ಅದೇ ಸ್ಟೇಷನ್ ಹಾಡತೊಡಗಿತು. ತಂತಿಯನ್ನು ಎತ್ತಿ ಹಿಡಿದಾಗ ಜೋರಾಯಿತು, ಸುರುಳಿ ಸುತ್ತಿದಾಗ ಕಡಿಮೆಯಾಯಿತು. ಎಷ್ಟೋ ದಿನದ ಗೊಂದಲ ಆ ಕ್ಷಣಕ್ಕೆ ಬಿಡಿಸಿಕೊಂಡಿತು.

1 ಮೆಗಾಹರ್ಟ್ಸ್ ಅಲೆಯ ಉದ್ದ 300 ಮೀಟರ್. ಎಂಟು ಮೀಟರ್ ಕೇಬಲ್ ಅದಕ್ಕೆ ಏನೂ ಸಾಲದು ಅನ್ನಿಸಬಹುದು. ಆದರೆ ಆಂಟೆನಾ ಆಗುವುದು ಕೇಬಲ್ ಒಂದೇ ಅಲ್ಲ. ಕೇಬಲ್‌ನ ಶೀಲ್ಡ್, ರಿಸೀವರ್‌ನ ಡಬ್ಬ, ಅದರಿಂದ ಹೊರಟ ಸ್ಪೀಕರ್ ತಂತಿಗಳು, ಟಿವಿ ಕೇಬಲ್, ಗೋಡೆಯೊಳಗಿನ ವೈರಿಂಗ್ ಎಲ್ಲ ಸೇರಿ ಒಂದು ದೊಡ್ಡ ತಂತಿ. ಸಬ್‌ವೂಫರ್ ಅದರ ಮಧ್ಯೆ ಕೂತಿದೆ. ಶೀಲ್ಡ್ ಮೇಲೆ ಬಂದ ರೇಡಿಯೋ ಕರೆಂಟ್ ಅದರೊಳಗೆ ಹೊಕ್ಕು ಪವರ್ ಕಾರ್ಡ್ ಮೂಲಕ ಹೊರಗೆ ಹೋಗುತ್ತದೆ. ರಿಸೀವರ್ ಆಫ್ ಇದ್ದರೂ ದನಿ ಬರುತ್ತಿದ್ದದ್ದು ಅದಕ್ಕೇ.

ದಪ್ಪ ಕೇಬಲ್ ಯಾಕೆ ಕೆಲಸ ಮಾಡಲಿಲ್ಲ ಅಂತ ಈಗ ಗೊತ್ತಾಯಿತು. ಒಳ್ಳೆ ಶೀಲ್ಡ್ ನಡುವಿನ ತಂತಿಯನ್ನು ಕಾಪಾಡುತ್ತದೆ. ಶೀಲ್ಡ್ ಮೇಲೇ ಹರಿಯುವ ಕರೆಂಟನ್ನು ಅದು ತಡೆಯುವುದಿಲ್ಲ. ಸಣ್ಣ ಫೆರೈಟ್ ಸೋತಿದ್ದಕ್ಕೂ ಕಾರಣವಿದೆ. ಕೇಬಲ್ ಒಂದು ಸಲ ಹಾದುಹೋದರೆ 1 ಮೆಗಾಹರ್ಟ್ಸ್ ಹತ್ತಿರ ಅದು ಕೊಡುವ ತಡೆ ತೀರಾ ಕಡಿಮೆ. ಆದರೆ ಸುತ್ತು ಹೆಚ್ಚಿದ ಹಾಗೆ ತಡೆ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಎರಡು ಸುತ್ತಿಗೆ ನಾಲ್ಕು ಪಟ್ಟು, ಹತ್ತು ಸುತ್ತಿಗೆ ಸುಮಾರು ನೂರು ಪಟ್ಟು. ಫೆರೈಟ್‌ನಲ್ಲೂ ಜಾತಿಗಳಿವೆ. 43 ಅನ್ನುವ ಮಿಕ್ಸ್ (ಫೆರೈಟ್ ಮಿಶ್ರಣದ ನಂಬರ್) ಎಫ್‌ಎಂ ಕಡೆಯ ಫ್ರೀಕ್ವೆನ್ಸಿಗಳಿಗೆ ಒಳ್ಳೆಯದು. 31 ಸುಮಾರು 1ರಿಂದ 300 ಮೆಗಾಹರ್ಟ್ಸ್‌ವರೆಗೆ ನಡೆಯುತ್ತದೆ. ಮೀಡಿಯಂ ವೇವ್‌ಗೇ ಬೇಕಾದರೆ 75 ಇನ್ನೂ ಉತ್ತಮ.

ನಾನು 31 ಮಿಕ್ಸ್‌ನ, ಸುಮಾರು 60 ಮಿಲಿಮೀಟರ್ ಅಗಲದ ರಿಂಗ್ ಎರಡು ತೆಗೆದುಕೊಂಡೆ. ದಪ್ಪ ಕೇಬಲ್ ಬಗ್ಗುವುದಿಲ್ಲ, ಹಾಗಾಗಿ ಹಳೆಯ ತೆಳು ಕೇಬಲ್ ಅನ್ನೇ ವಾಪಸ್ ತಂದೆ. ಪ್ಲಗ್ ಸಮೇತ ರಿಂಗ್ ಒಳಗೆ ಹತ್ತು ಸಲ ತೂರಿಸಿದೆ. ಸುತ್ತುಗಳು ಒಂದರ ಮೇಲೊಂದು ಬೀಳದ ಹಾಗೆ ಪಕ್ಕಪಕ್ಕಕ್ಕೆ ಜೋಡಿಸಿ ಟೈ ಹಾಕಿದೆ. ರಿಂಗ್ ಸಬ್‌ವೂಫರ್‌ನ ಜ್ಯಾಕ್‌ಗೆ ಒಂದು ಗೇಣಿನ ಒಳಗೇ ಇರಬೇಕು. ದೂರ ಇಟ್ಟರೆ ಮಧ್ಯದ ಕೇಬಲ್ ಮತ್ತೆ ಆಂಟೆನಾ ಆಗುತ್ತದೆ. ಹಚ್ಚಿ ನೋಡಿದೆ. ಸೋಫಾ ಮೇಲೆ ಕೂತರೆ ಏನೂ ಕೇಳಿಸಲಿಲ್ಲ. ಕೋನ್‌ಗೆ ಕಿವಿ ತಾಗಿಸಿದರೆ ಇನ್ನೂ ಸ್ವಲ್ಪ ಪಿಸುಮಾತು. ಪವರ್ ಕಾರ್ಡನ್ನು ಎರಡನೇ ರಿಂಗ್‌ನಲ್ಲಿ ಐದು ಸುತ್ತು ಹಾಕಿದೆ. ಪಿಸುಮಾತು ಇನ್ನೂ ಇಳಿಯಿತು, ಪೂರ್ತಿ ಹೋಗಲಿಲ್ಲ.

ಬಹಳ ಜನಕ್ಕೆ ಇಷ್ಟೇ ಸಾಕು, ಇಲ್ಲಿಗೇ ನಿಲ್ಲಿಸಿ ಅಂತಲೇ ಹೇಳುತ್ತೇನೆ. ನನಗೆ ಮಾತ್ರ ಕರೆಂಟ್ ಒಳಗೆ ಯಾವ ದಾರಿ ಹಿಡಿಯುತ್ತಿದೆ ಅಂತ ನೋಡಲೇಬೇಕಿತ್ತು. ಪ್ಲೇಟ್ ಆಂಪ್ಲಿಫೈಯರ್ (ಸಬ್‌ವೂಫರ್‌ನ ಹಿಂಬದಿಯ ಲೋಹದ ಪ್ಲೇಟ್‌ಗೆ ಕೂರಿಸಿದ ಆಂಪ್ಲಿಫೈಯರ್) ಬಿಚ್ಚುವ ಮುಂಚೆ ಎಚ್ಚರ ಇರಲಿ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈನ ದೊಡ್ಡ ಕೆಪ್ಯಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಕಾದು, ಮೀಟರ್ ಇಟ್ಟು ನೋಡಿ, ಇಳಿದಿದೆ ಅಂತ ಖಾತ್ರಿಯಾದ ಮೇಲೇ ಕೈ ಹಾಕಿದೆ. ಈ ಅಭ್ಯಾಸ ಇಲ್ಲದವರು ಬಿಚ್ಚಬೇಡಿ. ಹಾಗೇ, ಶಬ್ದ ಹೋಗಲಿ ಅಂತ ಯಾವತ್ತೂ ಅರ್ತ್ ಪಿನ್ ತೆಗೆಯಬೇಡಿ. ಅದು ಜೀವ ಉಳಿಸುವ ಪಿನ್.

ಒಳಗೆ ನೋಡಿದರೆ ಆರ್‌ಸಿಎ ಜ್ಯಾಕ್ ಪ್ಲಾಸ್ಟಿಕ್‌ದು. ಅದರ ಹೊರ ಉಂಗುರ ಲೋಹದ ಪ್ಲೇಟ್‌ಗೆ ತಾಗುತ್ತಲೇ ಇರಲಿಲ್ಲ. ಮೀಟರ್ ಇಟ್ಟರೆ ಮಾತ್ರ ಎರಡರ ನಡುವೆ ಸೊನ್ನೆ ಓಮ್. ಕನೆಕ್ಷನ್ ಎಲ್ಲಿದೆ ಅಂತ ಬೆರಳಿಟ್ಟು ಹಿಂಬಾಲಿಸಿದೆ. ಜ್ಯಾಕ್‌ನಿಂದ ಬೋರ್ಡಿನ ಗ್ರೌಂಡ್ ಟ್ರ್ಯಾಕ್ ಹಿಡಿದು, ನಾಬ್ ದಾಟಿ, ಫಿಲ್ಟರ್‌ನ ಆಪ್-ಆಂಪ್ ಚಿಪ್‌ಗಳ ಕೆಳಗೆ ಸಾಗಿ, ಪವರ್ ಸ್ಟೇಜ್ ಪಕ್ಕದ ಒಂದು ಸ್ಕ್ರೂ ಹತ್ತಿರ ಪ್ಲೇಟ್ ಸೇರುತ್ತಿತ್ತು. ಹೆಚ್ಚುಕಡಿಮೆ ಹದಿನೈದು ಸೆಂಟಿಮೀಟರ್. ಮೀಟರ್‌ಗೆ ಅದು ಸೊನ್ನೆ ಓಮ್ ಇರಬಹುದು, ರೇಡಿಯೋ ಕರೆಂಟ್‌ಗೆ ಅಲ್ಲ. ಆ ದಾರಿಯುದ್ದಕ್ಕೂ ಅದು ಸಣ್ಣ ವೋಲ್ಟೇಜ್ ಉಳಿಸಿ ಹೋಗುತ್ತಿತ್ತು, ಪಕ್ಕದ ಪಾರ್ಟ್‌ಗಳು ಅದನ್ನೇ ಸಿಗ್ನಲ್ ಅಂದುಕೊಳ್ಳುತ್ತಿದ್ದವು. 1990ರ ದಶಕದಲ್ಲಿ ನೀಲ್ ಮನ್ಸಿ ಎಂಬ ಆಡಿಯೋ ಎಂಜಿನಿಯರ್ ಇದಕ್ಕೆ ‘ಪಿನ್ 1 ಪ್ರಾಬ್ಲಮ್’ ಅಂತ ಹೆಸರಿಟ್ಟರು. ಮೈಕ್‌ಗಳಿಗೆ ಬಳಸುವ ಮೂರು ಪಿನ್‌ನ ಎಕ್ಸ್‌ಎಲ್‌ಆರ್ ಕನೆಕ್ಟರ್‌ನಲ್ಲಿ ಶೀಲ್ಡ್ ಸೇರುವುದು 1ನೇ ಪಿನ್‌ಗೆ, ಅದಕ್ಕೆ ಆ ಹೆಸರು. ಶೀಲ್ಡ್ ಒಳಗೆ ಬರುವ ಜಾಗದಲ್ಲೇ ಲೋಹದ ಚಾಸಿಸ್‌ಗೆ ಸೇರಬೇಕು, ಸರ್ಕ್ಯೂಟ್ ಸುತ್ತಿಕೊಂಡು ಹೋಗಬಾರದು. ಆಡಿಯೋ ಎಂಜಿನಿಯರಿಂಗ್ ಸೊಸೈಟಿ 2005ರಲ್ಲಿ ಎಇಎಸ್48 ಅನ್ನುವ ಮಾನದಂಡದಲ್ಲಿ ಇದನ್ನೇ ಹೇಳಿದೆ. ಅದು ಬ್ಯಾಲೆನ್ಸ್ಡ್ (ಶೀಲ್ಡ್ ಒಳಗೆ ಎರಡು ಸಿಗ್ನಲ್ ತಂತಿ ಇರುವ) ಕೇಬಲ್‌ಗಳಿಗೆ ಬರೆದದ್ದು, ಆದರೆ ಕಾರಣ ಇಲ್ಲಿಯೂ ಅದೇ.

ಜ್ಯಾಕ್ ಪಕ್ಕದಲ್ಲೇ ಪ್ಲೇಟ್‌ನ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿದೆ. ಹಲ್ಲಿರುವ ವಾಷರ್ ಹಾಕಿ ಸ್ಕ್ರೂ ಬಿಗಿದೆ. ಹಳೆಯ ಕೇಬಲ್‌ನಿಂದ ತೆಗೆದ ಹೆಣೆದ ಶೀಲ್ಡ್‌ನ ಒಂದೂವರೆ ಸೆಂಟಿಮೀಟರ್ ತುಂಡಿನಿಂದ ಜ್ಯಾಕ್‌ನ ಉಂಗುರವನ್ನು ಅದಕ್ಕೆ ಸೇರಿಸಿ ಬೆಸುಗೆ ಹಾಕಿದೆ. ತುಂಡು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಮೀಟರ್ ಮೊದಲೇ ಸೊನ್ನೆ ಓಮ್ ತೋರಿಸಿತ್ತು, ಆ ಧೈರ್ಯದಿಂದ ಸೇರಿಸಿದೆ. ಹಾಗಿಲ್ಲದ ಸಬ್‌ವೂಫರ್‌ನಲ್ಲಿ ಸುಮ್ನೆ ಹೀಗೆ ಸೇರಿಸಬಾರದು.

ನಿಮ್ಮಲ್ಲಿ ನಾಬ್ ತಿರುಗಿಸಿದಾಗ ದನಿ ಏರಿಳಿಯುತ್ತಿದ್ದರೆ ಮದ್ದು ಇನ್ನೂ ಸುಲಭ. ಇನ್‌ಪುಟ್‌ನಲ್ಲಿ 1 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ, ಆಮೇಲೆ 10 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಗ್ರೌಂಡ್‌ಗೆ. 16 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಇಳಿಯತೊಡಗಿ, 1 ಮೆಗಾಹರ್ಟ್ಸ್‌ಗೆ ಬರುವಾಗ ಅರವತ್ತರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಬೇರೆ ಸ್ಪೀಕರ್‌ಗೆ ಹೀಗೆ ಮಾಡಿದರೆ ಟ್ರೆಬಲ್ ಹೋಗುತ್ತದೆ ಅಂತ ಹೆದರಬೇಕು. ಸಬ್‌ವೂಫರ್‌ಗೆ ಎಲ್‌ಎಫ್‌ಇ (ಸಿನಿಮಾದ ದಪ್ಪ ದನಿಗೆಂದೇ ಇರುವ) ಚಾನೆಲ್ ಕೊಡುವುದೇ 120 ಹರ್ಟ್ಸ್‌ವರೆಗೆ, ಕಳೆದುಕೊಳ್ಳಲು ಏನೂ ಇಲ್ಲ.

ಎಲ್ಲ ಜೋಡಿಸಿ ರಾತ್ರಿ ಅದೇ ಹೊತ್ತಿಗೆ, ವಾರ್ತೆಯ ಸಮಯಕ್ಕೆ, ಕೋನ್‌ಗೆ ಕಿವಿ ಇಟ್ಟೆ. ಆಂಪ್ಲಿಫೈಯರ್‌ನ ಸಣ್ಣ ಸುಯ್ ಶಬ್ದ ಬಿಟ್ಟರೆ ಏನೂ ಇಲ್ಲ. ಬ್ಯಾಟರಿ ರೇಡಿಯೋ ಹಚ್ಚಿದೆ, ಸ್ಟೇಷನ್ ಅಲ್ಲೇ ಇದೆ, ಜೋರಾಗಿಯೇ ಇದೆ. ರೇಡಿಯೋ ಆರಿಸಿ ಸೋಫಾ ಮೇಲೆ ಕೂತು ಕಾದೆ. ಇಪ್ಪತ್ತು ನಿಮಿಷ ಆಯಿತು. ಸೋಫಾದ ಹಿಂದೆ ಕಟ್ ಅಂತ ರಿಲೇ ಬಿದ್ದಿತು. ಗೋಡೆ ಮೇಲಿದ್ದ ಹಸಿರು ಬೆಳಕು ಕೆಂಪಗಾಯಿತು.